ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗದ ಸಭೆಗೆ: ಕುಡಿತ ಬಿಟ್ಟ ನನ್ನ ಅನುಭವ

ಮನೆಗೂ ಮನೆಗೂ ನಡುವೆ ತೋಟ, ಹಳ್ಳ, ಗುಡ್ಡವಿರುವ ನಮ್ಮ ಸೀಮೆಯಲ್ಲಿ ಯಾರು ಕುಡಿಯುತ್ತಾರೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಆದರೆ ಕುಡಿತ ಬಿಟ್ಟವರು ಎಲ್ಲಿದ್ದಾರೆ, ಬಿಟ್ಟ ಮೇಲೆ ಹೇಗೆ ಬದುಕುತ್ತಿದ್ದಾರೆ ಎಂಬುದನ್ನು ಹೇಳುವವರು ಸಿಗುವುದಿಲ್ಲ. ಅಂಥವರನ್ನು ಹುಡುಕಿಕೊಂಡು ಹೋದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಹುಡುಕಾಟ ಆರಂಭವಾದದ್ದು ವೈದ್ಯರ ಬಳಿ, ಅದು ಹಾಗೆಯೇ ಆರಂಭವಾಗಬೇಕು. ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಮದ್ಯ ಒಮ್ಮೆಲೇ ನಿಂತರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುವ ಸಾಧ್ಯತೆಯಿದೆ. ಎರಡರಿಂದ ನಾಲ್ಕನೆಯ ದಿನದೊಳಗೆ ನಡುಕ, ಜ್ವರ, ಇಲ್ಲದ್ದು ಕಾಣುವ ಭ್ರಮೆಗಳು ಸೇರಿ ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗದಂಥ ಕಡೆ ತೋರಿಸಿಕೊಂಡು, ಔಷಧಿಯ ಆಸರೆಯಲ್ಲಿ ನಿಲ್ಲಿಸುವುದೇ ಸರಿ. ಅಲ್ಲಿಯವರೆಗೆ ಹೋಗಲು ಧೈರ್ಯ ಸಾಲದವರು 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ, ಉಚಿತವಾಗಿ ಮಾತನಾಡುತ್ತಾರೆ. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಲ್ಲರೂ ಎ.ಎ. ಎನ್ನುವ, ಕುಡಿತ ಬಿಡಬೇಕೆನ್ನುವವರು ಒಬ್ಬರಿಗೊಬ್ಬರು ನೆರವಾಗುವ ಕೂಟದ ಹೆಸರನ್ನು ನನಗೆ ಮೊದಲು ಹೇಳಿದವರು ಆಪ್ತಸಮಾಲೋಚಕರು. ಎ.ಎ.ಯ ಭಾರತದ ಜಾಲತಾಣದಲ್ಲಿ ಊರುವಾರು ಸಭೆಗಳ ಪಟ್ಟಿಯಿದೆ. ಆದರೆ ಪಟ್ಟಿಯನ್ನಷ್ಟೇ ನಂಬಿ ಬಸ್ ಹತ್ತಬೇಡಿ. ಸಭೆಯ ಸಮಯ, ಸ್ಥಳ ಬದಲಾಗುತ್ತಿರುತ್ತವೆ, ಮೊದಲು ಕರೆ ಮಾಡಿ ಖಚಿತಪಡಿಸಿಕೊಳ್ಳಿ. ನಾನು ಕರೆ ಮಾಡಿದಾಗ ಆ ಕಡೆಯವರು ನನ್ನ ಊರು, ಜಾತಿ, ಕೆಲಸ ಯಾವುದನ್ನೂ ಕೇಳದೆ, ಬಸ್ ಇಳಿದ ಮೇಲೆ ಎಲ್ಲಿ ನಿಂತಿರಬೇಕೆಂದು ಮಾತ್ರ ಹೇಳಿದರು.

ಸಭೆಯ ಬಗ್ಗೆ ಹೊರಗಿನವರಿಗೆ ಇರುವ ಕಲ್ಪನೆ ಬೇರೆ, ಒಳಗೆ ನಡೆಯುವುದು ಬೇರೆ. ಅಲ್ಲಿ ಭಾಷಣವಿಲ್ಲ, ಬೈಗುಳವಿಲ್ಲ, ಹಾಜರಿ ಪುಸ್ತಕವೂ ಇಲ್ಲ. ಒಂದು ನಿಮಿಷದ ಮೌನ, ಒಂದು ಚಿಕ್ಕ ಪ್ರಾರ್ಥನೆ, ಹನ್ನೆರಡು ಹೆಜ್ಜೆಗಳ, ಅಂದರೆ ಕುಡಿತದಿಂದ ಹೊರಬರಲು ಎ.ಎ. ಹಾಕಿಕೊಟ್ಟ ದಾರಿಯ, ಓದು ಮುಗಿದ ಮೇಲೆ ಒಬ್ಬೊಬ್ಬರೇ ಹೆಸರು ಹೇಳಿ, 'ನಾನೊಬ್ಬ ಮದ್ಯವ್ಯಸನಿ' ಎಂದು ಹೇಳಿಕೊಂಡು ತಮ್ಮ ಕತೆಯನ್ನು ಮುಂದಿಡುತ್ತಾರೆ. ಉಳಿದವರು ನಡುವೆ ಬಾಯಿ ಹಾಕುವುದಿಲ್ಲ, ಮುಗಿದ ಮೇಲೆ ಬುದ್ಧಿ ಹೇಳುವುದೂ ಇಲ್ಲ. ಹೊಸಬರು ಮಾತನಾಡದೆ ಕುಳಿತಿದ್ದರೂ ನಡೆಯುತ್ತದೆ. ನಾನು ಹಲವು ವಾರ ಹಾಗೆಯೇ ಕುಳಿತಿದ್ದೆ, ಯಾರೂ ಒತ್ತಾಯಿಸಲಿಲ್ಲ. ಶುಲ್ಕವಿಲ್ಲ, ಕೊನೆಗೆ ಬರುವ ಡಬ್ಬಿಗೆ ಸದಸ್ಯರು ಮನಸ್ಸಿಗೆ ಬಂದಷ್ಟು ಹಾಕುತ್ತಾರೆ, ಹೊರಗಿನವರ ದೇಣಿಗೆಯನ್ನು ಸಂಸ್ಥೆ ಸ್ವೀಕರಿಸುವುದಿಲ್ಲ. 1935ರಲ್ಲಿ ಅಮೆರಿಕದ ಆಕ್ರಾನ್ ನಗರದಲ್ಲಿ ಒಬ್ಬ ಷೇರು ವ್ಯವಹಾರದವನೂ ಒಬ್ಬ ಶಸ್ತ್ರವೈದ್ಯನೂ, ಇಬ್ಬರೂ ಕುಡಿತದಿಂದ ಜರ್ಜರಿತರಾದವರು, ಎದುರುಬದುರು ಕುಳಿತು ಮಾತನಾಡಿದ್ದರಿಂದ ಹುಟ್ಟಿದ ಈ ಕ್ರಮ ಇಂದಿಗೂ ಅಷ್ಟೇ ಸರಳವಾಗಿ ಉಳಿದಿರುವುದನ್ನು ನಾನು ಗೌರವದಿಂದ ನೋಡುತ್ತೇನೆ.

ಪ್ರಾರ್ಥನೆಯ ಕಾರಣಕ್ಕೆ ಹಿಂಜರಿಯುವವರಿದ್ದಾರೆ. ದೇವರನ್ನು ತಾವು ತಿಳಿದುಕೊಂಡ ರೀತಿಯಲ್ಲಿ ಎಂದು ಹೆಜ್ಜೆಗಳಲ್ಲಿಯೇ ಇದೆ. ನಮ್ಮ ಗುಂಪಿನಲ್ಲಿ ನಂಬದವರೂ ಇದ್ದಾರೆ, ಚೆನ್ನಾಗಿಯೇ ಇದ್ದಾರೆ.

ನಮ್ಮ ಕಡೆ ಹೆಚ್ಚಿನವರಿಗೆ ಗೊತ್ತಿರುವುದು ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರ. ಊರಿನ ಸಭಾಭವನದಲ್ಲಿ ಹಲವು ದಿನ ಒಟ್ಟಿಗೆ ಇರಿಸಿ, ಮನೆಯವರನ್ನೂ ಕರೆಸಿ, ಬಳಿಕ ನವಜೀವನ ಸಮಿತಿಗಳ ಮೂಲಕ ಬಿಟ್ಟವರನ್ನು ಒಟ್ಟುಗೂಡಿಸುವ ಆ ಕ್ರಮದಲ್ಲಿ ಎಲ್ಲವೂ ಊರಿನೆದುರೇ ನಡೆಯುತ್ತದೆ. ಊರೇ ಸಾಕ್ಷಿಯಾಗಿ ನಿಲ್ಲುವುದರಿಂದ ಗಟ್ಟಿಯಾದವರನ್ನು ನಾನು ಬಲ್ಲೆ. ನನಗೆ ಬೇಕಾಗಿದ್ದುದು ನನ್ನ ಪರಿಚಯವಿಲ್ಲದ ಕೊಠಡಿ. ಹೀಗಾಗಿ ಮಂಡಗದ್ದೆ, ಗಾಜನೂರು ದಾಟಿ ಸುಮಾರು ಅರವತ್ತು ಕಿಲೋಮೀಟರ್ ಪ್ರಯಾಣ ನನಗೆ ಹೊರೆ ಎನಿಸದೆ ರಕ್ಷಣೆಯಾಗಿಯೇ ಕಂಡಿತು. ಎರಡರಲ್ಲಿ ಯಾವುದು ಮೇಲು ಎಂಬ ವಾದಕ್ಕಿಂತ, ತನಗೆ ಯಾವುದಕ್ಕೆ ಮತ್ತೆ ಮತ್ತೆ ಹೋಗಲು ಸಾಧ್ಯ ಎಂದು ನೋಡಿಕೊಳ್ಳುವುದು ಒಳಿತು.

ಏಕೆಂದರೆ ಮತ್ತೆ ಮತ್ತೆ ಹೋಗುವುದೇ ಇಲ್ಲಿನ ಕಷ್ಟ. ಅಡಿಕೆ ಗೊನೆ ಕೊಯ್ಲಿನ ತಿಂಗಳುಗಳಲ್ಲಿ ರಾತ್ರಿಯವರೆಗೂ ಸುಲಿದು ಬೇಯಿಸುವ ಕೆಲಸವಿರುತ್ತದೆ. ಕೆಲಸ ಮುಗಿದ ಮೇಲೆ ಬಾಟಲಿ ಹೊರಬರುವುದೂ ಅದೇ ಹೊತ್ತಿನಲ್ಲಿ. ಆ ದಿನಗಳಲ್ಲೇ ಸಭೆ ಹೆಚ್ಚು ಬೇಕು, ಆ ದಿನಗಳಲ್ಲೇ ಮನೆ ಬಿಡುವುದು ಕಷ್ಟ. ಕೆಲಸ ಹಂಚುವಾಗಲೇ ಸಭೆಯ ದಿನವನ್ನು ಮನೆಯವರೊಂದಿಗೆ ಕುಳಿತು ಗೊತ್ತುಮಾಡಿದ್ದು, ಕೊನೆಯ ಬಸ್ಸಿನ ಸಮಯ ನೋಡಿಕೊಂಡು ಸ್ವಲ್ಪ ಮೊದಲೇ ಏಳಲು ಗುಂಪಿನವರ ಒಪ್ಪಿಗೆ ಪಡೆದದ್ದು ನನಗೆ ನೆರವಾಯಿತು. ಆಷಾಢದ ಮಳೆಯಲ್ಲಿ ಮರ ಬಿದ್ದು ರಸ್ತೆ ಮುಚ್ಚಿದರೆ, ಕರೆಂಟು ಹೋಗಿ ಟವರ್ ನಿಂತರೆ ಝೂಮ್ ಸಭೆಯೂ ಸಿಗುವುದಿಲ್ಲ. ಅದಕ್ಕಾಗಿ ಸ್ಪಾನ್ಸರ್, ಅಂದರೆ ಹೆಜ್ಜೆಗಳಲ್ಲಿ ಕೈಹಿಡಿದು ನಡೆಸುವ ಹಳೆಯ ಸದಸ್ಯರೊಬ್ಬರು, ಮಳೆಗಾಲಕ್ಕೆ ಮೊದಲೇ ಇರಬೇಕು; ಸಿಗ್ನಲ್ ಸಿಕ್ಕ ಹೊತ್ತಿನಲ್ಲಿ ಅವರಿಗೆ ಕರೆ ಮಾಡುವುದನ್ನು ನಾನು ಇಂದಿಗೂ ಬಿಟ್ಟಿಲ್ಲ. ಹೆಂಡತಿಗೆ ಫೋನಿನಲ್ಲಿ ಸಿಕ್ಕ ಆಲ್-ಅನಾನ್, ಕುಡಿಯುವವರ ಮನೆಯವರ ಕೂಟ, ಅವಳ ಪಾಲಿಗೆ ಬೇರೆಯೇ ಆಸರೆಯಾಗಿದೆ.

ಕುಡಿತ ಬಿಟ್ಟಿರಬೇಕೆಂದು ಇಬ್ಬರು ಮೂವರು ಒಟ್ಟು ಸೇರಿದರೂ, ಬೇರೆ ಯಾವ ಸಂಸ್ಥೆಯ ನಂಟನ್ನೂ ಇಟ್ಟುಕೊಳ್ಳದಿದ್ದರೆ, ಅದನ್ನು ಎ.ಎ. ಗುಂಪೆಂದು ಕರೆದುಕೊಳ್ಳಬಹುದು. ನಮ್ಮ ಕಡೆಯಿಂದಲೇ ಶಿವಮೊಗ್ಗಕ್ಕೆ ಬರುವ ಇನ್ನೊಬ್ಬರು ಈಗ ಸಿಕ್ಕಿದ್ದಾರೆ. ತೀರ್ಥಹಳ್ಳಿಯಲ್ಲೊಂದು ಕೊಠಡಿಗಾಗಿ ಇಬ್ಬರೂ ವಿಚಾರಿಸುತ್ತಿದ್ದೇವೆ: ಬಾಡಿಗೆ ನಮ್ಮ ಡಬ್ಬಿಗೆ ನಿಲುಕುವಂತಿರಬೇಕು, ಬಸ್ ನಿಲ್ದಾಣ ನಡಿಗೆಯ ದೂರದಲ್ಲಿರಬೇಕು, ಬಾಗಿಲು ಮುಖ್ಯರಸ್ತೆಗೆ ತೆರೆಯಬಾರದು.