ಮಸಾಲೆ ಹಚ್ಚುವ ಮೊದಲೇ ಬೆಕ್ಕಿನ ಪಾಲು

ಬೆಕ್ಕಿಗೆ ಒಂದು ತುಂಡು ಕರಿದ ಬಂಗುಡೆ ಕೊಟ್ಟರೆ ಅದೇನೂ ಸತ್ತುಹೋಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಕಡೆ ಯಾರೂ ಮುಂದಿನ ಮಾತಿಗೆ ಕಿವಿಗೊಡುವುದಿಲ್ಲ. "ಅಜ್ಜಿ ಮನೆಯ ಬೆಕ್ಕುಗಳೆಲ್ಲ ಮೀನುಸಾರು ಕಲಸಿದ ಅನ್ನ ತಿಂದೇ ಬೆಳೆದದ್ದು" ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಬೆಳೆದದ್ದು ಹೌದು. ಆದರೆ ಆ ಬೆಕ್ಕುಗಳು ರಾತ್ರಿಯಿಡೀ ಇಲಿ, ಹಲ್ಲಿ, ಓತಿಕ್ಯಾತ ಹಿಡಿದು ತಿಂದು ಬೆಳಿಗ್ಗೆ ಸಾರನ್ನಕ್ಕೆ ಬರುತ್ತಿದ್ದವು. ಎಷ್ಟು ವರ್ಷ ಬದುಕಿದವು, ಯಾವುದರಿಂದ ಸತ್ತವು ಎಂದು ಯಾರೂ ಲೆಕ್ಕ ಇಟ್ಟವರಲ್ಲ.

ಮಲ್ಪೆ ಬಂದರಿನ ಹತ್ತಿರ ನಮ್ಮ ಮನೆ. ಮನೆಯೊಳಗೆ ಮೂರು ಬೆಕ್ಕು, ಹಿತ್ತಲಿಗೆ ಬಂದುಹೋಗುವವು ಬೇರೆ. ಅಡುಗೆಮನೆ ಅತ್ತೆಯದು, ಬೆಕ್ಕುಗಳ ಔಷಧಿ, ಲಸಿಕೆ, ಡಾಕ್ಟರ ಹತ್ತಿರ ಓಡಾಟ ನನ್ನದು. ಹಾಗಾಗಿ ಅವುಗಳ ತಟ್ಟೆಗೆ ಏನು ಬೀಳಬೇಕು ಎಂಬುದು ನಮ್ಮಿಬ್ಬರ ನಡುವೆ ದಿನಾ ಇತ್ಯರ್ಥವಾಗಬೇಕಾದ ವಿಷಯವಾಗಿತ್ತು. ಇತ್ಯರ್ಥ ಹೇಗಾಯಿತು, ಎಣ್ಣೆ ಮತ್ತು ಉಪ್ಪಿನ ವಿಷಯದಲ್ಲಿ ನಾನು ಎಲ್ಲಿ ಗೆರೆ ಎಳೆದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜಿಡ್ಡಿನ ಮಾತು. ಬೆಕ್ಕು ಮಾಂಸಾಹಾರಿ, ಕೊಬ್ಬನ್ನು ಚೆನ್ನಾಗಿಯೇ ಅರಗಿಸಿಕೊಳ್ಳುತ್ತದೆ. ನಾಯಿಗಳಲ್ಲಿ ಒಮ್ಮೆಲೇ ಜಿಡ್ಡು ತಿಂದು ಮೇದೋಜೀರಕ ಗ್ರಂಥಿ ಊದಿಕೊಳ್ಳುವುದು ಎಲ್ಲ ಪಶುವೈದ್ಯರಿಗೂ ಗೊತ್ತಿರುವ ತೊಂದರೆ. ಬೆಕ್ಕಿಗೂ ಆ ಕಾಯಿಲೆ ಬರುತ್ತದೆ, ಆದರೆ ಅದಕ್ಕೆ ಊಟದ ಕೊಬ್ಬೇ ಕಾರಣ ಎಂದು ನಾಯಿಯಷ್ಟು ಸ್ಪಷ್ಟವಾಗಿ ಕಂಡುಬಂದಿಲ್ಲ. ಕರಿದ ಎಣ್ಣೆ ಹೆಚ್ಚಾದರೆ ವಾಂತಿ, ಭೇದಿ ಆದೀತು. ನನ್ನ ತಲೆನೋವು ಅದಾಗಿರಲಿಲ್ಲ, ತೂಕದ್ದಾಗಿತ್ತು.

ಗುಂಡ ನಮ್ಮ ಗಂಡುಬೆಕ್ಕು, ಸಂತಾನಹರಣದ ಆಪರೇಷನ್ ಆದದ್ದು. ಅತ್ತೆಯ ಮುದ್ದಿನವನು. ಕುಚಲಕ್ಕಿ ಗಂಜಿಗೆ ತುಪ್ಪ ಬೆರೆಸಿ ಉಣ್ಣುವಾಗ ಅವನಿಗೂ ಒಂದು ಚಮಚ ಬೀಳುತ್ತಿತ್ತು. ತೂಕ ನೋಡುವುದಕ್ಕೆ ನಾನು ಮಾಡುವುದು ಸುಲಭದ ಉಪಾಯ: ಅವನನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲುವುದು, ಆಮೇಲೆ ಇಳಿಸಿ ನಾನೊಬ್ಬಳೇ ನಿಲ್ಲುವುದು, ಕಳೆಯುವುದು. ಆರೂವರೆ ಕಿಲೋ ಬಂತು. ಮೇಲಿನಿಂದ ನೋಡಿದರೆ ಸೊಂಟವೇ ಇಲ್ಲ, ಪಕ್ಕೆಲುಬು ಸಿಗಬೇಕಾದರೆ ಬೆರಳು ಒತ್ತಿ ಹುಡುಕಬೇಕು.

"ಒಂದು ಚಮಚ ತುಪ್ಪದಿಂದ ಏನಾಗ್ತದೆ ಮಾರಾಯ್ತಿ?" ಎಂದರು ಅತ್ತೆ. ನಾನು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದೆ. ನಾಲ್ಕು ಕಿಲೋದ ಮನೆಬೆಕ್ಕಿಗೆ ದಿನಕ್ಕೆ ಬೇಕಾದದ್ದು ಸುಮಾರು 200ರಿಂದ 250 ಕ್ಯಾಲೊರಿ. ಒಂದು ಟೀ ಚಮಚ ತುಪ್ಪ ಸುಮಾರು 5 ಗ್ರಾಂ, ಅಂದರೆ 45 ಕ್ಯಾಲೊರಿ. ದಿನದ ಊಟದ ಐದನೇ ಒಂದು ಭಾಗ ಹತ್ತಿರ ಹತ್ತಿರ ಅಲ್ಲೇ ಮುಗಿಯಿತು. 2000 ಕ್ಯಾಲೊರಿ ಉಣ್ಣುವ ಮನುಷ್ಯನಿಗೆ ಅದೇ ಪ್ರಮಾಣ ಬೇಕಾದರೆ ಎಂಟೊಂಬತ್ತು ಚಮಚ ತುಪ್ಪ. "ಅತ್ತೆ, ನೀವು ಊಟದ ಮೇಲೆ ಒಂಬತ್ತು ಚಮಚ ತುಪ್ಪ ಕುಡೀತೀರಾ?" ಎಂದು ಕೇಳಿದೆ. ಬೆಕ್ಕಿನ ಆರೋಗ್ಯದ ಬಗ್ಗೆ ನಾನು ಆವರೆಗೆ ಹೇಳಿದ ಯಾವ ಮಾತೂ ಮಾಡದ ಕೆಲಸವನ್ನು ಆ ಲೆಕ್ಕ ಮಾಡಿತು. ಪ್ಯಾಕೆಟ್ ಚಿಪ್ಸಿನದೂ ಇದೇ ಕಥೆ. ಹತ್ತು ಗ್ರಾಂ ಚಿಪ್ಸಿನಲ್ಲಿ 50 ಕ್ಯಾಲೊರಿಗೆ ಮೇಲಿದೆ.

ಊಟದ ಹೊರಗಿನ ತಿಂಡಿತೀರ್ಥ ಎಲ್ಲ ಸೇರಿ ದಿನದ ಕ್ಯಾಲೊರಿಯ ಶೇ 10 ದಾಟಬಾರದು ಎಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಮಿತಿ. ನಮ್ಮ ಮನೆಯ ಭಾಷೆಯಲ್ಲಿ ಅದು ಅರ್ಧ ಚಮಚ ತುಪ್ಪ, ಇಲ್ಲವೇ ಹೆಬ್ಬೆರಳಿನಷ್ಟು ಮೀನಿನ ತುಂಡು. ಎರಡರಲ್ಲಿ ಒಂದು. ಅತ್ತೆ ಮೀನನ್ನು ಆರಿಸಿಕೊಂಡರು.

ಗುಂಡನ ತೂಕ ಇಳಿಸುವಾಗ ಒಂದು ವಿಷಯದಲ್ಲಿ ಮಾತ್ರ ನಾನು ತುಂಬ ಹುಷಾರಾಗಿದ್ದೆ. ದಪ್ಪ ಬೆಕ್ಕನ್ನು ಉಪವಾಸ ಕೆಡವಬಾರದು. ಎರಡು ಮೂರು ದಿನ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಲಿವರಿಗೆ ನುಗ್ಗಿ ಅಲ್ಲಿ ತುಂಬಿಕೊಳ್ಳುತ್ತದೆ, ಕಣ್ಣು ಕಿವಿ ಹಳದಿಯಾಗುತ್ತದೆ, ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. "ಹಸಿವಾದರೆ ತಾನೇ ತಿನ್ನುತ್ತದೆ, ಬಿಡು" ಎಂಬ ಹಟ ಬೆಕ್ಕಿನ ಹತ್ತಿರ ನಡೆಯುವುದಿಲ್ಲ. ಅದಕ್ಕೇ ಹಳೆಯ ಊಟಕ್ಕೆ ಹೊಸದನ್ನು ದಿನಾ ಸ್ವಲ್ಪ ಸ್ವಲ್ಪ ಬೆರೆಸುತ್ತ ಬಂದೆ. ವಾರಕ್ಕೆ ಮೈತೂಕದ ಶೇ 1ರಿಂದ 2ರಷ್ಟು ಇಳಿದರೆ ಸಾಕು, ಅದಕ್ಕಿಂತ ಹೆಚ್ಚು ಬೇಡ ಎಂದಿದ್ದರು ಡಾಕ್ಟರು. ಈಗ ಗುಂಡ ಐದು ಕಿಲೋದ ಆಸುಪಾಸು. ಕಪಾಟಿನ ಮೇಲೆ ಹಾರಿ ಹಪ್ಪಳದ ಡಬ್ಬಿ ಬೀಳಿಸುವಷ್ಟು ಚುರುಕಾಗಿದ್ದಾನೆ, ಅದರ ಬಗ್ಗೆ ಅತ್ತೆಯ ದೂರು ನನ್ನ ಮೇಲಿದೆ.

ಕರಾವಳಿಯವರು ಗಮನಿಸಬೇಕಾದ ಇನ್ನೊಂದು ಜಿಡ್ಡು ಬೂತಾಯಿ ಮೀನಿನದು. ಮಳೆಗಾಲ ಮುಗಿದು ಬರುವ ಬೂತಾಯಿಯಲ್ಲಿ ಎಣ್ಣೆ ಎಷ್ಟೆಂದರೆ ಬೇಯಿಸಿದ ನೀರಿನ ಮೇಲೆ ಹಳದಿ ಪದರ ತೇಲುತ್ತದೆ. ಮನುಷ್ಯರಿಗೆ ಒಳ್ಳೆಯದು. ಬೆಕ್ಕಿಗೆ ವಾರದಲ್ಲಿ ಒಂದೆರಡು ಸಲ ಕೊಟ್ಟರೆ ತೊಂದರೆಯಿಲ್ಲ. ಅಗ್ಗವಾಗಿ ಸಿಗುತ್ತದೆಂದು ತಿಂಗಳುಗಟ್ಟಲೆ ಅದೊಂದನ್ನೇ ಹಾಕಿದರೆ ವಿಟಮಿನ್ ಇ ಕಡಿಮೆಯಾಗಿ ಮೈಯೊಳಗಿನ ಕೊಬ್ಬೇ ಉರಿಯೂತಕ್ಕೆ ಸಿಕ್ಕುತ್ತದೆ. ಅಂಥ ಬೆಕ್ಕಿಗೆ ಜ್ವರ ಬರುತ್ತದೆ, ಹೊಟ್ಟೆ ಮುಟ್ಟಿದರೆ ನೋವಿನಿಂದ ಕಿರುಚುತ್ತದೆ, ಎತ್ತಿಕೊಳ್ಳಲು ಬಿಡುವುದಿಲ್ಲ. ಹಸಿಮೀನಿನದು ಬೇರೆಯೇ ತಕರಾರು: ಕೆಲವು ಮೀನುಗಳಲ್ಲಿ ವಿಟಮಿನ್ ಬಿ1 ಅನ್ನು ಒಡೆದುಹಾಕುವ ಕಿಣ್ವ ಇರುತ್ತದೆ, ಬೇಯಿಸಿದರೆ ಅದು ನಾಶವಾಗುತ್ತದೆ. ಹಾಗಾಗಿ ನಮ್ಮಲ್ಲಿ ಬೆಕ್ಕಿನ ಮೀನು ಬೆಂದೇ ತಟ್ಟೆಗೆ ಬರುವುದು, ಅದೂ ಕೋಳಿ, ಮೊಟ್ಟೆಯ ಜೊತೆ ಸರದಿಯ ಮೇಲೆ.

ಉಪ್ಪಿನ ವಿಷಯದಲ್ಲಿ ಜನ ಹೆದರುವ ರೀತಿಗೂ ನಿಜಕ್ಕೂ ಸ್ವಲ್ಪ ಅಂತರವಿದೆ. ಬೆಕ್ಕಿನ ಮೂಲ ಒಣನಾಡಿನ ಕಾಡುಬೆಕ್ಕು. ನೀರು ಕಡಿಮೆ ಕುಡಿದು ಮೂತ್ರವನ್ನು ಗಟ್ಟಿ ಮಾಡಿ ಹೊರಹಾಕುವುದರಲ್ಲಿ ಅದರ ಕಿಡ್ನಿ ನಮ್ಮದಕ್ಕಿಂತ ಎಷ್ಟೋ ಜಾಣ. ಆರೋಗ್ಯವಾಗಿರುವ ವಯಸ್ಸಾದ ಬೆಕ್ಕುಗಳಿಗೆ 2 ವರ್ಷ ಹೆಚ್ಚು ಸೋಡಿಯಂ ಇರುವ ಊಟ ಕೊಟ್ಟು ನೋಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು, ಅದರಲ್ಲಿ ಕಿಡ್ನಿಗೆ ಹಾನಿ ಕಾಣಲಿಲ್ಲ. ಅಂದಮೇಲೆ ಹುಷಾರಾಗಿರುವ ಬೆಕ್ಕು, ಪಕ್ಕದಲ್ಲಿ ಯಾವಾಗಲೂ ಶುದ್ಧ ನೀರು, ಒಂದು ಚೂರು ಉಪ್ಪಿನ ಮೀನು. ಇದರಿಂದ ಗಾಬರಿಪಡುವಂಥದ್ದೇನಿಲ್ಲ.

ಆದರೆ ಉಪ್ಪಿನ ಮೀನು ಅಂದರೆ ಯಾವುದು? ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಆಗ ಅಟ್ಟದ ಒಣಮೀನು ಕೆಳಗಿಳಿಯುತ್ತದೆ, ಅದರ ತಲೆ ಬಾಲ ಬೆಕ್ಕಿಗೆ. ಒಣ ನಂಗು ಮೀನನ್ನು ಬೆಳಕಿಗೆ ಹಿಡಿದು ನೋಡಿ, ಚರ್ಮದ ಮಡಿಕೆಯಲ್ಲಿ ಉಪ್ಪಿನ ಹರಳು ಹೊಳೆಯುತ್ತಿರುತ್ತದೆ. ಬೆಕ್ಕಿಗೆ ದಿನಕ್ಕೆ ಬೇಕಾದ ಉಪ್ಪು ಒಂದು ಸಣ್ಣ ಚಿಟಿಕೆ, ಅದು ಅದರ ಮಾಮೂಲಿ ಊಟದಲ್ಲೇ ಸಿಗುತ್ತದೆ. ಈ ಮೀನಿನ ತಲೆಯೊಂದರಲ್ಲಿ ಅದರ ಎಷ್ಟೋ ಪಾಲು. ಹಾಗಾಗಿ ಒಣಮೀನು ಕೊಡಲೇಬೇಕಾದಾಗ ನಾನು ಹಿಂದಿನ ರಾತ್ರಿಯೇ ನೀರಿಗೆ ಹಾಕಿಡುತ್ತೇನೆ, ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕುದಿಸಿ, ಅದನ್ನೂ ಚೆಲ್ಲುತ್ತೇನೆ. ಉಪ್ಪೆಲ್ಲ ಹೋಗುವುದಿಲ್ಲ, ಮುಕ್ಕಳಿಸಿ ಉಗಿಯುವಂತಿದ್ದದ್ದು ನಾಲಿಗೆಗೆ ತಡೆದುಕೊಳ್ಳುವಷ್ಟಾಗುತ್ತದೆ. ಹಿತ್ತಲಿನ ಬೆಕ್ಕುಗಳಿಗೆ ಮಾತ್ರ ಇದು. ಮನೆಯೊಳಗಿನವಕ್ಕೆ ಇಲ್ಲವೇ ಇಲ್ಲ, ಅದಕ್ಕೆ ಕಾರಣ ಕಾಳಿ.

ಕಾಳಿ ಮುದುಕಿ. ನೀರಿನ ಬಟ್ಟಲ ಹತ್ತಿರ ಹೆಚ್ಚು ಹೊತ್ತು ಕೂರತೊಡಗಿದ್ದು, ಮರಳಿನ ಟ್ರೇಯಲ್ಲಿ ಮೂತ್ರದ ಗಡ್ಡೆಗಳು ದೊಡ್ಡದಾಗತೊಡಗಿದ್ದು ನಮಗೆ ಸಿಕ್ಕ ಮೊದಲ ಸುಳಿವು. ರಕ್ತ ಪರೀಕ್ಷೆಯಲ್ಲಿ, ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಶ್ಮಲ ಏರಿತ್ತು. ಅದು ಏರುವ ಹೊತ್ತಿಗೆ ಕಿಡ್ನಿಯ ಶಕ್ತಿ ಮುಕ್ಕಾಲು ಪಾಲು ಹೋಗಿರುತ್ತದಂತೆ. ಬೆಕ್ಕುಗಳಿಗೆ ವಯಸ್ಸಾದಂತೆ ಬರುವ ಸಾಮಾನ್ಯ ಕಾಯಿಲೆ ಇದು, ಒಣಮೀನಿನಿಂದಲೇ ಬಂತೆಂದು ನಾನು ಹೇಳುವುದಿಲ್ಲ. ಆದರೆ ಕಿಡ್ನಿ ಸೋತ, ರಕ್ತದೊತ್ತಡ ಏರಿದ, ಹೃದಯ ದುರ್ಬಲವಾದ ಬೆಕ್ಕಿಗೆ ಉಪ್ಪು ಹೊರೆ. ಎಲ್ಲ ಬೆಕ್ಕಿಗೂ ರಕ್ತ ಪರೀಕ್ಷೆ ಆಗಿರುವುದಿಲ್ಲ, ಯಾವುದರ ಕಿಡ್ನಿ ಹೇಗಿದೆಯೆಂದು ಹೊರಗೆ ಕಾಣುವುದಿಲ್ಲ. ಒಂದೇ ತಟ್ಟೆಯ ಸುತ್ತ ಮೂರೂ ಮುಖ ಹಾಕುವ ಮನೆಯಲ್ಲಿ ಮುದುಕಿಯ ಪಥ್ಯವೇ ಎಲ್ಲರ ಪಥ್ಯ.

ಇಷ್ಟೆಲ್ಲ ಉಪ್ಪು ಎಣ್ಣೆ ಎಂದು ತಲೆಕೆಡಿಸಿಕೊಳ್ಳುವವರು ಅದರ ಜೊತೆಗೇ ಬರುವ ಈರುಳ್ಳಿ ಬೆಳ್ಳುಳ್ಳಿಯನ್ನು ಮರೆತುಬಿಡುವುದು ನನಗೆ ಆಶ್ಚರ್ಯ. ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ಕೇಂದ್ರ ಅದು. ಬೆಕ್ಕಿನ ಹಿಮೋಗ್ಲೋಬಿನ್‌ನಲ್ಲಿ ಈರುಳ್ಳಿ ಬೆಳ್ಳುಳ್ಳಿಯೊಳಗಿನ ರಾಸಾಯನಿಕಗಳ ದಾಳಿಗೆ ಸುಲಭವಾಗಿ ಸಿಕ್ಕುವ ಗಂಧಕದ ಜಾಗಗಳು ಎಂಟಿವೆ, ನಾಯಿಗೆ ನಾಲ್ಕು, ನಮಗೆ ಎರಡು. ಈರುಳ್ಳಿ ತಿಂದಾಗ ಕೆಂಪು ರಕ್ತಕಣಗಳು ಅಲ್ಲಿಂದ ಹಾಳಾಗಿ ಒಡೆಯುತ್ತವೆ. ಮೈತೂಕದ ಕಿಲೋಗೆ 5 ಗ್ರಾಂ ಈರುಳ್ಳಿ ಸಾಕು, ಅಂದರೆ ನಾಲ್ಕು ಕಿಲೋ ಬೆಕ್ಕಿಗೆ 20 ಗ್ರಾಂ, ಒಂದು ಮಧ್ಯಮ ಗಾತ್ರದ ಗಡ್ಡೆಯ ಐದನೇ ಒಂದು ಭಾಗ. ಬೆಳ್ಳುಳ್ಳಿ ಇನ್ನೂ ಜೋರು. ಬೇಯಿಸಿದರೂ, ಹುರಿದರೂ, ಒಣಗಿಸಿ ಪುಡಿ ಮಾಡಿದರೂ ವಿಷ ಹೋಗುವುದಿಲ್ಲ. ಮಸಾಲೆ ಚಿಪ್ಸಿನ ಮೇಲೆ ಉದುರಿಸಿದ ಪುಡಿಯಲ್ಲಿ ಇವೆರಡೂ ಇರುತ್ತವೆ. ಸ್ವಲ್ಪ ಸ್ವಲ್ಪ ದಿನಾ ಹೋದರೂ ಹಾನಿ ಕೂಡಿಕೊಳ್ಳುತ್ತದೆ. ತಿಂದ ದಿನ ಏನೂ ಕಾಣದೆ, ಕೆಲವು ದಿನ ಕಳೆದ ಮೇಲೆ ಒಸಡು ಬಿಳಿಚಿಕೊಂಡು, ಮೂತ್ರ ಕಂದಾಗಿ, ಬೆಕ್ಕು ಮೂಲೆ ಹಿಡಿದಾಗ ಅದಕ್ಕೂ ಮೊನ್ನೆಯ ಗಸಿಗೂ (ಮಸಾಲೆಯ ಗಟ್ಟಿ ಮೀನುಸಾರು) ಯಾರೂ ಸಂಬಂಧ ಕಲ್ಪಿಸುವುದಿಲ್ಲ.

ಗಸಿಯ ಮೀನನ್ನು ತೊಳೆದು ಕೊಟ್ಟರಾಯಿತಲ್ಲ ಎನ್ನುತ್ತಾರೆ. ಕುದಿಯುವಾಗ ಈರುಳ್ಳಿ ಬೆಳ್ಳುಳ್ಳಿಯ ರಸ ಮೀನಿನೊಳಗೆ ಇಳಿದಾಗಿರುತ್ತದೆ, ತೊಳೆದರೆ ಹೋಗುವುದು ಮೇಲಿನ ಬಣ್ಣ. ಅದಕ್ಕಾಗಿ ನಮ್ಮ ಮನೆಯಲ್ಲಿ ಈಗ ಇರುವುದು ಒಂದೇ ಕ್ರಮ. ಮೀನು ಕೊಯ್ಯುವಾಗಲೇ, ಉಪ್ಪು ಮಸಾಲೆ ಹಚ್ಚುವ ಮೊದಲೇ, ಬೆಕ್ಕಿನ ಪಾಲು ತೆಗೆದಿಡುವುದು. ತಲೆ, ಬಾಲದ ಕಡೆಯ ತುಂಡುಗಳನ್ನು ಸಣ್ಣ ಕುಕ್ಕರಿಗೆ ಹಾಕಿ, ಮುಳುಗುವಷ್ಟು ನೀರು, ಉಪ್ಪಿಲ್ಲ, ಅರಸಿನವೂ ಇಲ್ಲ. ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬಿಟ್ಟರೆ ಬೂತಾಯಿಯ ಮುಳ್ಳು ಬೆರಳಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಮೆತ್ತಗಾಗುತ್ತದೆ. ದೊಡ್ಡ ಮೀನಾದರೆ ನಡುಮುಳ್ಳು ತೆಗೆದೇ ಬಿಡುತ್ತೇನೆ. ಕೋಳಿಯ ಬೆಂದ ಎಲುಬು ಯಾವತ್ತೂ ಇಲ್ಲ, ಅದು ಸೀಳಿ ಚೂಪಾಗುತ್ತದೆ.

ಬೇಯಿಸಿದ ನೀರನ್ನು ಚೆಲ್ಲುವುದಿಲ್ಲ. ಬೆಕ್ಕಿಗೆ ಟಾರಿನ್ ಎಂಬ ಅಂಶ ಊಟದಿಂದಲೇ ಬರಬೇಕು, ಸಾಕಷ್ಟು ತಯಾರಿಸಿಕೊಳ್ಳುವ ಶಕ್ತಿ ಅದರ ಮೈಗಿಲ್ಲ. ಕಡಿಮೆಯಾದರೆ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಹೃದಯಕ್ಕೂ ಇದಕ್ಕೂ ಇರುವ ನಂಟು ಬೆಳಕಿಗೆ ಬಂದದ್ದು 1987ರಲ್ಲಿ, ಆಮೇಲೆ ಬೆಕ್ಕಿನ ಆಹಾರ ತಯಾರಕರು ಅದನ್ನು ಹೆಚ್ಚಿಸಿದರು. ಟಾರಿನ್ ನೀರಿನಲ್ಲಿ ಕರಗಿಹೋಗುತ್ತದೆ, ಅದಕ್ಕೇ ಆ ನೀರೂ ತಟ್ಟೆಗೆ. ನೀರು ಕುಡಿಯಲು ಬೇಸರಪಡುವ ಪ್ರಾಣಿಗೆ ಹೊಟ್ಟೆಗೆ ನೀರು ಹೋದ ಲಾಭವೂ ಆಯಿತು. ಹಾಗೆಂದು ಬರೀ ಬೆಂದ ಮೀನು ಪೂರ್ತಿ ಊಟವಲ್ಲ. ಪೌಷ್ಟಿಕವಾಗಿ ಸಂಪೂರ್ಣ ಎಂದು ನಮೂದಿಸಿರುವ ಬೆಕ್ಕಿನ ಆಹಾರವೇ ನಮ್ಮಲ್ಲಿ ಮುಖ್ಯ ಊಟ, ಕಾಳಿಗೆ ಮಾತ್ರ ಡಾಕ್ಟರು ಬರೆದುಕೊಟ್ಟದ್ದು. ಮೀನು ಅದರ ಮೇಲಿನ ಬಾಯಿರುಚಿ. ಅನ್ನ ವಿಷವಲ್ಲ, ಹೊಟ್ಟೆ ತುಂಬಿಸಿ ಮಾಂಸಕ್ಕೆ ಜಾಗ ಇಲ್ಲದಂತೆ ಮಾಡುತ್ತದೆ ಅಷ್ಟೆ. ಹಾಲು ಬಹುಪಾಲು ದೊಡ್ಡ ಬೆಕ್ಕುಗಳಿಗೆ ಆಗಿಬರುವುದಿಲ್ಲ. ಉಪ್ಪಿನಕಾಯಿ, ಹಪ್ಪಳ, ಖಾರಾ ಮಿಕ್ಸ್ಚರ್‌ಗಳ ಬಗ್ಗೆ ಚರ್ಚೆಯೇ ಬೇಡ.

ಉಪ್ಪಿನಿಂದ ಬೆಕ್ಕಿಗೆ ನಿಜವಾಗಿ ವಿಷವೇರುವ ಒಂದು ಸಂದರ್ಭ ಮನೆಮದ್ದಿನದು. ಏನೋ ವಿಷ ತಿಂದಿರಬೇಕೆಂದು ವಾಂತಿ ಮಾಡಿಸಲು ಉಪ್ಪುನೀರು ಕುಡಿಸುತ್ತಾರೆ. ವಾಂತಿ ಆಗದಿದ್ದರೆ ಆ ಉಪ್ಪೆಲ್ಲ ರಕ್ತಕ್ಕೆ ಸೇರುತ್ತದೆ. ಮೈ ನಡುಕ, ತೂರಾಟ, ಫಿಟ್ಸ್ ಶುರುವಾದರೆ ಉಳಿಸಿಕೊಳ್ಳುವುದು ಕಷ್ಟ. ಪಕ್ಕದ ಮನೆಯವರು ಲೋಟ ಹಿಡಿದು ಬಂದಾಗ ನಾನು ಕೈಹಿಡಿದು ತಡೆದದ್ದುಂಟು. ಅಂಥ ಹೊತ್ತಿನಲ್ಲಿ ಬೆಕ್ಕನ್ನು ಬುಟ್ಟಿಗೆ ಹಾಕಿ ನೇರ ಪಶುವೈದ್ಯರ ಹತ್ತಿರ ಹೋಗಿ. ತಿಂದದ್ದು ಪ್ಯಾಕೆಟಿನದ್ದಾದರೆ ಖಾಲಿ ಪ್ಯಾಕೆಟ್ಟನ್ನೂ, ಮನೆಯ ಅಡುಗೆಯಾದರೆ ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಎಷ್ಟು ಬಿದ್ದಿತ್ತು, ಯಾವ ದಿನ ಕೊಟ್ಟದ್ದು ಎಂಬುದನ್ನೂ ಜೊತೆಗೆ ಒಯ್ಯಿರಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.