ಮದುವೆಯ ನಾಲ್ಕು ಸಾವಿರ ಫೋಟೊ: ಜೋಡಿಸುವುದು ಹೇಗೆ?

ತಂಗಿಯ ಮದುವೆ ಮುಗಿದು ಹದಿನೈದು ದಿನವಾಗಿತ್ತು. ಚಪ್ಪರ ಬಿಚ್ಚಿದ್ದರು, ಬಾಡಿಗೆ ಪಾತ್ರೆಗಳು ವಾಪಸ್ ಹೋಗಿದ್ದವು. ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಮದುವೆ ಇನ್ನೂ ನಡೆಯುತ್ತಲೇ ಇತ್ತು. ಸ್ಟುಡಿಯೊದವರು ಕೊಟ್ಟ ಪೆನ್‌ಡ್ರೈವ್, ನನ್ನ ಫೋನು, ಭಾವನ ಫೋನು, ಲಂಡನ್‌ನಿಂದ ಬಂದ ದೊಡ್ಡಪ್ಪನ ಮಗನ ಕ್ಯಾಮೆರಾ, ಜೊತೆಗೆ ವಾಟ್ಸಾಪ್ ಗುಂಪಿಗೆ ನೆಂಟರು ಸುರಿದ ರಾಶಿ. ಎಲ್ಲ ಸೇರಿ ನಾಲ್ಕು ಸಾವಿರ ದಾಟಿತ್ತು. ಇಷ್ಟನ್ನು ಒಂದು ಹದಕ್ಕೆ ತಂದದ್ದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ನಿಮ್ಮ ಮನೆಯದು ಗೃಹಪ್ರವೇಶವೋ ಪ್ರವಾಸವೋ ಆಗಿದ್ದರೂ ದಾರಿ ಇದೇ.

ನಾನು ಬಳಸಿದ್ದು ಡಿಜಿಕ್ಯಾಮ್ ಎಂಬ, ಫೋಟೊ ಜೋಡಿಸುವ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಹಿಂದೆ ನಮ್ಮಲ್ಲಿ ಬಹಳ ಜನ ಇದೇ ಕೆಲಸಕ್ಕೆ ಪಿಕಾಸಾ ಎಂಬ ತಂತ್ರಾಂಶ ಬಳಸುತ್ತಿದ್ದರು. ಗೂಗಲ್ 2016ರಲ್ಲಿ ಅದನ್ನು ನಿಲ್ಲಿಸಿತು. ಪಿಕಾಸಾ ಹೋಯಿತಲ್ಲಾ ಅಂತ ಇನ್ನೂ ಕೊರಗುವವರಿಗೆ ಡಿಜಿಕ್ಯಾಮ್ ಒಗ್ಗುತ್ತದೆ. ಮೊದಲ ಎರಡು ದಿನ ಬಟನ್‌ಗಳ ಸಂತೆ ನೋಡಿ ತಲೆ ತಿರುಗಬಹುದು. ಹೆದರಬೇಡಿ, ಅವುಗಳಲ್ಲಿ ಹತ್ತು ಗೊತ್ತಿದ್ದರೆ ಸಾಕು.

ಮೊದಲು ಒಂದೇ ಜಾಗಕ್ಕೆ ತನ್ನಿ

ಕಂಪ್ಯೂಟರ್‌ನಲ್ಲಿ 'ಫೋಟೊ' ಅಂತ ಒಂದು ಫೋಲ್ಡರ್ ಮಾಡಿ. ಅದರೊಳಗೆ ವರ್ಷಕ್ಕೊಂದು, ವರ್ಷದೊಳಗೆ ಕಾರ್ಯಕ್ರಮಕ್ಕೊಂದು. ಹೆಸರನ್ನು '2024-02-18 ತಂಗಿ ಮದುವೆ' ಎಂಬಂತೆ ಇಡಿ. ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ. ಹೀಗೆ ಬರೆದರೆ ಕಂಪ್ಯೂಟರ್ ತಾನಾಗಿಯೇ ಕಾಲಕ್ರಮದಲ್ಲಿ ಜೋಡಿಸುತ್ತದೆ. ನಾವು ರೂಢಿಯಲ್ಲಿ ಬರೆಯುವ ಹಾಗೆ 18-02-2024 ಅಂತ ಇಟ್ಟರೆ ಎಲ್ಲ ವರ್ಷಗಳ ಹದಿನೆಂಟನೇ ತಾರೀಕುಗಳು ಒಟ್ಟಿಗೆ ಸೇರಿಕೊಳ್ಳುತ್ತವೆ.

ಈಗ ಡಿಜಿಕ್ಯಾಮ್ ತೆರೆಯಿರಿ. ಫೋಟೊಗಳು ಎಲ್ಲಿವೆ ಅಂತ ಅದು ಮೊದಲು ಕೇಳುತ್ತದೆ, ಆ ಫೋಲ್ಡರ್ ತೋರಿಸಿ. ಮುಂದೆ ಇನ್ನೊಂದು ಪ್ರಶ್ನೆ ಬರುತ್ತದೆ: ನೀವು ಸೇರಿಸುವ ಹೆಸರು, ಟಿಪ್ಪಣಿಗಳನ್ನು ಫೋಟೊ ಫೈಲಿನೊಳಗೇ ಬರೆಯಬೇಕೇ? ಹೌದು ಅನ್ನಿ. ಬೇಡ ಅಂದರೆ ನೀವು ಬರೆದದ್ದೆಲ್ಲ ಈ ತಂತ್ರಾಂಶದ ಲೆಕ್ಕದ ಪುಸ್ತಕದಲ್ಲಿ ಮಾತ್ರ ಉಳಿಯುತ್ತದೆ. ನಾಳೆ ಕಂಪ್ಯೂಟರ್ ಬದಲಾಯಿಸಿದಾಗ ಫೋಟೊ ಬರುತ್ತದೆ, ಹೆಸರು ಬರುವುದಿಲ್ಲ. ಪಿಕಾಸಾ ಕಾಲದಲ್ಲಿ ನಾನು ಹೀಗೆ ಕಳಕೊಂಡದ್ದು ಇದೆ.

ವಾಟ್ಸಾಪ್‌ನವನ್ನು ಒಳಗೇ ಬೇರೆ ಫೋಲ್ಡರ್‌ನಲ್ಲಿ ಇಡಿ. ಕಾರಣ ಇದೆ. ಫೋನಿನ 12 ಮೆಗಾಪಿಕ್ಸೆಲ್ ಫೋಟೊ ಅಂದರೆ 4000 ಅಡ್ಡ, 3000 ಎತ್ತರ, ಒಟ್ಟು ಒಂದು ಕೋಟಿ ಇಪ್ಪತ್ತು ಲಕ್ಷ ಚುಕ್ಕೆಗಳು. ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದರೆ ಉದ್ದನೆಯ ಬದಿ ಸಾಮಾನ್ಯವಾಗಿ ಸುಮಾರು 1600ಕ್ಕೆ ಇಳಿಯುತ್ತದೆ. ಫೋನಿನಲ್ಲಿ ನೋಡುವಾಗ ಗೊತ್ತೇ ಆಗುವುದಿಲ್ಲ. ಕರಿಜ್ಮಾ ಆಲ್ಬಂನ (ಪುಸ್ತಕದ ಹಾಗೆ ಅಚ್ಚು ಹಾಕಿಸುವ ಮದುವೆ ಆಲ್ಬಂ) ಪುಟಕ್ಕೆ ಹಿಗ್ಗಿಸಿದಾಗ ಮುಖವೆಲ್ಲ ಹಿಟ್ಟು ಬಳಿದ ಹಾಗೆ ಕಾಣುತ್ತದೆ. ಜೊತೆಗೆ, ತೆಗೆದ ಹೊತ್ತು, ಜಾಗದ ವಿವರವೂ ಅಳಿಸಿಹೋಗಿರುತ್ತದೆ. ಫೈಲಿನ ಹೆಸರಲ್ಲಿ ಒಂದು ತಾರೀಕು ಇರುತ್ತದಲ್ಲ, ಅದು ಫೋಟೊ ತೆಗೆದ ದಿನವಲ್ಲ, ಕಳಿಸಿದ ಅಥವಾ ಬಂದ ದಿನ. ಆದ್ದರಿಂದ ಒಳ್ಳೆಯ ಫೋಟೊ ಕಂಡರೆ ತೆಗೆದವರಿಗೇ ಫೋನ್ ಮಾಡಿ, 'ಅದನ್ನು ಡಾಕ್ಯುಮೆಂಟ್ ಅಂತ ಕಳಿಸು' ಅನ್ನಿ. ಹಾಗೆ ಕಳಿಸಿದರೆ ಮೂಲ ಫೈಲೇ ಬರುತ್ತದೆ.

ಗಡಿಯಾರ ಸರಿಮಾಡಿ

ಇದನ್ನು ಯಾರೂ ಹೇಳಿಕೊಡುವುದಿಲ್ಲ. ನನಗೂ ಗೊತ್ತಿರಲಿಲ್ಲ. ಎಲ್ಲ ಫೋಟೊಗಳನ್ನು ಹೊತ್ತಿನ ಪ್ರಕಾರ ಜೋಡಿಸಿದಾಗ ಧಾರೆ ಎರೆಯುವುದು ಬೆಳಗಿನ ಜಾವಕ್ಕೇ ಮುಗಿದಿತ್ತು. ಮದುಮಗಳು ಹೂ ಮುಡಿದದ್ದು ಅದಾದ ಮೇಲೆ! ಆಗಿದ್ದೇನೆಂದರೆ, ಲಂಡನ್ ಅಣ್ಣನ ಕ್ಯಾಮೆರಾದಲ್ಲಿ ಲಂಡನ್ ಸಮಯವೇ ಇತ್ತು. ಫೋನುಗಳು ನೆಟ್‌ವರ್ಕ್ ನೋಡಿ ತಾವೇ ಸಮಯ ಸರಿಮಾಡಿಕೊಳ್ಳುತ್ತವೆ. ಕ್ಯಾಮೆರಾಗೆ ನಾವು ಹೇಳಬೇಕು. ಫೆಬ್ರವರಿಯಲ್ಲಿ ಅಲ್ಲಿಗೂ ನಮಗೂ ಐದೂವರೆ ಗಂಟೆ ಅಂತರ. ನನ್ನ ಫೋನಿನಲ್ಲಿ 10.10ಕ್ಕೆ ಬಿದ್ದ ಅಕ್ಷತೆ ಅವನ ಕ್ಯಾಮೆರಾದಲ್ಲಿ 4.40ಕ್ಕೇ ಬಿದ್ದಿತ್ತು.

ಸರಿಮಾಡುವುದು ಸುಲಭ. ಎರಡೂ ಕ್ಯಾಮೆರಾಗಳಲ್ಲಿ ಸಿಕ್ಕ ಒಂದೇ ಗಳಿಗೆಯನ್ನು ಹುಡುಕಿ. ಅಕ್ಷತೆ ಬೀಳುವ ಕ್ಷಣ, ಹಾರ ಬದಲಾಯಿಸುವ ಕ್ಷಣ ಒಳ್ಳೆಯದು. ವ್ಯತ್ಯಾಸ ಎಷ್ಟು ಅಂತ ಬರೆದುಕೊಳ್ಳಿ. ತಪ್ಪು ಸಮಯದ ಫೋಟೊಗಳನ್ನೆಲ್ಲ ಒಟ್ಟಿಗೆ ಆರಿಸಿ, 'ಐಟಂ' ಮೆನುವಿನಲ್ಲಿ 'ಅಡ್ಜಸ್ಟ್ ಟೈಮ್ ಆಂಡ್ ಡೇಟ್' ಒತ್ತಿ, ಅಷ್ಟು ಹೊತ್ತನ್ನು ಕೂಡಿಸಿ. ಆರುನೂರು ಫೋಟೊ ಕೆಲವೇ ನಿಮಿಷದಲ್ಲಿ ಸರಿಯಾದವು. ನಾಂದಿ, ಧಾರೆ, ಆರತಕ್ಷತೆ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು.

ಕಳೆ ಕೀಳಿ

'ಟೂಲ್ಸ್'ನಲ್ಲಿ ನಕಲು ಹುಡುಕುವ ಸೌಲಭ್ಯ ಇದೆ. ಅದು ಫೈಲಿನ ಹೆಸರು ನೋಡುವುದಿಲ್ಲ, ಚಿತ್ರವನ್ನೇ ಹೋಲಿಸುತ್ತದೆ. ಹಾಗಾಗಿ ಮೂಲ ಫೋಟೊ ಮತ್ತು ಅದರ ವಾಟ್ಸಾಪ್ ಮರಿ ಎರಡೂ ಪಕ್ಕಪಕ್ಕದಲ್ಲಿ ಸಿಗುತ್ತವೆ. ಮರಿಯನ್ನು ಅಳಿಸಿ.

ಉಳಿದವನ್ನು ಒಂದೊಂದಾಗಿ ನೋಡುತ್ತಾ ಹೋಗಿ. ಬೇಡದ್ದಕ್ಕೆ ಆಲ್ಟ್ ಹಿಡಿದು 1, ಬೇಕಾದ್ದಕ್ಕೆ ಆಲ್ಟ್ ಹಿಡಿದು 3. ಬಹಳ ಚೆನ್ನಾಗಿದ್ದರೆ ಕಂಟ್ರೋಲ್ ಜೊತೆ 5, ಐದು ನಕ್ಷತ್ರ ಬೀಳುತ್ತದೆ. ಯೋಚನೆ ಮಾಡುತ್ತಾ ಕೂರಬೇಡಿ, ಫೋಟೊಗೆ ಎರಡು ಸೆಕೆಂಡು ಸಾಕು. ಕಣ್ಣು ಮುಚ್ಚಿದ್ದು, ಅಲುಗಿದ್ದು, ಊಟದ ಸಾಲಿನಲ್ಲಿ ಬಾಯಿ ತುಂಬಿಕೊಂಡಿದ್ದು ಎಲ್ಲ ಹೊರಗೆ. ಆದರೆ ಒಬ್ಬರದ್ದು ಇರುವುದೇ ಒಂದು ಫೋಟೊ ಆದರೆ, ಅಲುಗಿದ್ದರೂ ಇಟ್ಟುಕೊಳ್ಳಿ. ನಾಲ್ಕು ಸಾವಿರ ನನ್ನಲ್ಲಿ ಒಂದು ಸಾವಿರದ ನೂರಕ್ಕೆ ಇಳಿಯಿತು.

ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ

ಎಡಗಡೆ 'ಪೀಪಲ್' ಅಂತ ಇದೆ. ಅಲ್ಲಿ ಮುಖ ಹುಡುಕಲು ಹೇಳಿದರೆ ಡಿಜಿಕ್ಯಾಮ್ ಎಲ್ಲ ಫೋಟೊ ಜಾಲಾಡಿ ಮುಖಗಳನ್ನು ಕತ್ತರಿಸಿ ಮುಂದಿಡುತ್ತದೆ. ಮೊದಲ ಸಲ ಇದಕ್ಕೆ ಬೇಕಾದ ಕಡತಗಳನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ಆಮೇಲೆ ಕೆಲಸವೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ, ಮನೆಯವರ ಮುಖ ಎಲ್ಲಿಗೂ ಹೋಗುವುದಿಲ್ಲ. ಹಳೆಯ ಲ್ಯಾಪ್‌ಟಾಪ್ ಆದರೆ ರಾತ್ರಿ ಹಚ್ಚಿಟ್ಟು ಮಲಗಿ.

ಪ್ರತಿ ಮುಖಕ್ಕೂ ಹೆಸರು ಕೊಡಬೇಕು. ಕನ್ನಡದಲ್ಲೇ ಬರೆಯಬಹುದು. ಒಬ್ಬರ ನಾಲ್ಕಾರು ಮುಖಗಳಿಗೆ ಹೆಸರು ಕೊಟ್ಟ ಮೇಲೆ ಉಳಿದವನ್ನು ಅದೇ ಊಹಿಸುತ್ತದೆ. ನೀವು ಸರಿ, ತಪ್ಪು ಅಂದರೆ ಸಾಕು. ಅಕ್ಕತಂಗಿಯರನ್ನು ಅದಲುಬದಲು ಮಾಡುತ್ತದೆ. ಚಿಕ್ಕ ಮಕ್ಕಳೆಲ್ಲ ಅದಕ್ಕೆ ಒಂದೇ. ಕ್ಯಾಲೆಂಡರಿನ ಲಕ್ಷ್ಮಿಯನ್ನೂ ತಂದು 'ಇವರು ಯಾರು' ಅಂತ ಕೇಳಿತ್ತು.

ನನಗೆ ಅರ್ಧ ಜನ ಯಾರೆಂದೇ ಗೊತ್ತಿರಲಿಲ್ಲ. ಅಜ್ಜಿಯನ್ನು ಕರೆದೆ. 'ಇದು ಕಡೂರಿನ ಚಿಕ್ಕಮ್ಮ ಕಣೋ, ನಿಮ್ಮಪ್ಪನಿಗೆ ಸೋದರತ್ತೆ ಆಗಬೇಕು. ನೀನು ಹುಟ್ಟಿದಾಗ ಬಾಣಂತನಕ್ಕೆ ಬಂದು ಇದ್ದಳು' ಅಂತ ಶುರು ಮಾಡಿದರು. ಮೂರು ಮಧ್ಯಾಹ್ನ ಬೇಕಾಯಿತು. ಹೆಸರುಗಳನ್ನು ಅಪ್ಪನ ಕಡೆ, ಅಮ್ಮನ ಕಡೆ, ಬೀಗರ ಕಡೆ ಅಂತ ಒಂದರೊಳಗೊಂದು ಜೋಡಿಸಲು ಬರುತ್ತದೆ. ಅಜ್ಜಿ ಹೇಳಿದ ಕತೆಯನ್ನು ಬಲಗಡೆ 'ಕ್ಯಾಪ್ಶನ್ಸ್'ನಲ್ಲಿ ಒಂದೆರಡು ಸಾಲು ಬರೆದೆ. ಇಷ್ಟು ಕೆಲಸದಲ್ಲಿ ಯಾವುದಕ್ಕಾದರೂ ನಿಜವಾಗಿ ಅವಸರ ಇದ್ದದ್ದು ಇದಕ್ಕೆ ಮಾತ್ರ. ಬಣ್ಣ ತಿದ್ದುವುದನ್ನು ಹತ್ತು ವರ್ಷ ಬಿಟ್ಟು ಮಾಡಿದರೂ ನಡೆಯುತ್ತದೆ.

ತಿದ್ದುವುದು ಸ್ವಲ್ಪವೇ

ಮೂರು ತಿದ್ದುಪಡಿ ಸಾಕು: ವಾಲಿದ್ದನ್ನು ನೆಟ್ಟಗೆ ಮಾಡುವುದು, ಅಂಚು ಕತ್ತರಿಸುವುದು, ಬಣ್ಣ ಸರಿಮಾಡುವುದು. ಮುಖ ನುಣುಪು ಮಾಡುವ ಆಟಕ್ಕೆ ಹೋಗಬೇಡಿ. ಆಮೇಲೆ ಅತ್ತೆಗೂ ಸೊಸೆಗೂ ಒಂದೇ ವಯಸ್ಸು ಕಾಣುತ್ತದೆ.

ಕಲ್ಯಾಣ ಮಂಟಪದ ಬೆಳಕು ಅಂದರೆ ಗೊತ್ತಲ್ವಾ, ಒಂದು ಕಡೆ ಹಳದಿ, ಇನ್ನೊಂದು ಕಡೆ ನೇರಳೆ. ಇದಕ್ಕೆ ಡಿಜಿಕ್ಯಾಮ್ ಒಳಗಿನ ಫೋಟೊ ಎಡಿಟರ್‌ನ 'ಕಲರ್' ಮೆನುವಿನಲ್ಲಿ 'ವೈಟ್ ಬ್ಯಾಲೆನ್ಸ್' ಇದೆ. ಅಲ್ಲಿನ ಪಿಕರ್ (ಬಣ್ಣ ಆರಿಸುವ ಸಾಧನ) ಹಿಡಿದು, ಫೋಟೊದಲ್ಲಿ ನಿಜವಾಗಿ ಬೆಳ್ಳಗೆ ಅಥವಾ ಬೂದಿ ಬಣ್ಣಕ್ಕಿರುವ ಜಾಗ ಒತ್ತಬೇಕು. ನಮ್ಮ ಮದುವೆಗಳಲ್ಲಿ ಅದಕ್ಕೆ ಬರವಿಲ್ಲ, ಬಿಳಿ ಪಂಚೆ ಇದ್ದೇ ಇರುತ್ತದೆ. ಆದರೆ ಫ್ಲ್ಯಾಶ್ ಬಿದ್ದು ಹೊಳೆಯುವ ಭಾಗ ಬೇಡ, ಅಲ್ಲಿ ಬಣ್ಣದ ಸುಳಿವೇ ಉಳಿದಿರುವುದಿಲ್ಲ. ಪಂಚೆಯ ಮಡಿಕೆಯಲ್ಲಿ ನೆರಳಿರುವ ಜಾಗ ಒತ್ತಿ. ಅರಿಶಿನ ಹಚ್ಚುವ ಶಾಸ್ತ್ರದ ಫೋಟೊಗಳನ್ನು ಮಾತ್ರ ಹಾಗೇ ಬಿಡಿ. ಅಲ್ಲಿ ಹಳದಿ ಇರಬೇಕಾದದ್ದೇ.

ಫೋಟೊಗಳು ಸಾಮಾನ್ಯವಾಗಿ ಜೆಪೆಗ್ ಎಂಬ ರೂಪದ ಫೈಲುಗಳು. ಜೆಪೆಗ್ ಫೈಲನ್ನು ತಿದ್ದಿ ಉಳಿಸಿದಾಗಲೆಲ್ಲ ಗುಣಮಟ್ಟ ಸ್ವಲ್ಪ ಸವೆಯುತ್ತದೆ. ಅದಕ್ಕೇ ತಿದ್ದಿದ್ದನ್ನು ಹೊಸ ಪ್ರತಿಯಾಗಿ ಉಳಿಸಿ, ಮೂಲವನ್ನು ಮುಟ್ಟಬೇಡಿ.

ಹಂಚುವುದು, ಕಾಪಾಡುವುದು

ನೆಂಟರಿಗೆ ಗೂಗಲ್ ಫೋಟೋಸ್‌ನಲ್ಲಿ ಒಂದು ಆಲ್ಬಂ ಮಾಡಿ ಲಿಂಕ್ ಕಳಿಸುವುದು ಸಲೀಸು. ಉಚಿತ ಜಾಗ 15 ಜಿಬಿ, ಅದರಲ್ಲೇ ಜಿಮೇಲ್, ಡ್ರೈವ್ ಎಲ್ಲವೂ ಸೇರಿದೆ. 2021ರ ಜೂನ್‌ಗೆ ಮೊದಲು ಇದ್ದ ಹಾಗೆ ಮಿತಿಯಿಲ್ಲದೆ ತುಂಬಲು ಈಗ ಆಗುವುದಿಲ್ಲ. ಹಾಗಾಗಿ ಸಾವಿರವನ್ನೂ ಹಾಕಬೇಡಿ, ಇನ್ನೂರು ಆರಿಸಿ. ಯಾರಿಗೂ ಸಾವಿರ ನೋಡುವ ತಾಳ್ಮೆ ಇಲ್ಲ, ಬೀಗರಿಗಂತೂ ಇಲ್ಲವೇ ಇಲ್ಲ. ಆಲ್ಬಂನ ಆಯ್ಕೆಗಳಲ್ಲಿ ಜಾಗದ ವಿವರ ಹಂಚುವುದನ್ನು ಆಫ್ ಮಾಡಿ. ಲಿಂಕ್ ಯಾರ ಕೈಗೆ ಹೋದರೂ ತೆರೆಯುತ್ತದೆ, ಅದು ನೆನಪಿರಲಿ.

ಪೂರ್ತಿ ರಾಶಿಯನ್ನು ಎರಡು ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ. ಒಂದು ನಿಮ್ಮಲ್ಲಿರಲಿ, ಇನ್ನೊಂದು ತಂಗಿಯ ಮನೆಯಲ್ಲಿರಲಿ. ಪೆನ್‌ಡ್ರೈವ್ ನಂಬಬೇಡಿ.

ಇನ್ನು ಅಜ್ಜಿಗೆ ಲಿಂಕ್ ಕಳಿಸಿ ಏನು ಪ್ರಯೋಜನ? ಮೂವತ್ತು ಫೋಟೊ ಪ್ರಿಂಟ್ ಹಾಕಿಸಿದೆ. 4x6 ಇಂಚಿಗೆ 1200x1800 ಚುಕ್ಕೆ ಇದ್ದರೆ ಪ್ರಿಂಟ್ ಚೆನ್ನಾಗಿ ಬರುತ್ತದೆ, ಫೋನಿನ ಮೂಲ ಫೋಟೊದಲ್ಲಿ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಒಂದೇ ತೊಡಕು. ಸಾಮಾನ್ಯವಾಗಿ ಫೋನಿನ ಫೋಟೊ ಮೂರಕ್ಕೆ ನಾಲ್ಕರ ಅಳತೆಯದು, ಈ ಕಾಗದ ಎರಡಕ್ಕೆ ಮೂರರದು. ಆದ್ದರಿಂದ ಮನೆಯಲ್ಲೇ ಎರಡಕ್ಕೆ ಮೂರರ ಅಳತೆಗೆ ಕತ್ತರಿಸಿ ಕೊಡಿ. ನಾನು ಮೊದಲ ಸಲ ಕತ್ತರಿಸದೆ ಹಾಗೇ ಕೊಟ್ಟಿದ್ದೆ. ಲ್ಯಾಬಿನ ಯಂತ್ರ ಭಾವನ ಪೇಟದ ತುದಿ ಹಾರಿಸಿಬಿಟ್ಟಿತ್ತು.