ಐದು ಸೀಟಿನ ಲೆಕ್ಕ: ಮ್ಯಾಡ್ರಿಡ್ ಬಜೆಟ್ ಪಾಸಾಗುತ್ತಾ ಅಂತ ಬೆಂಗಳೂರಲ್ಲಿ ಕೂತು ಹೇಳಿದ ಕಥೆ

ನಾನು ಮಾಡುತ್ತಿದ್ದ ಕೆಲಸ ಏನು ಅಂತ ಅಮ್ಮನಿಗೆ ಕೊನೆಗೂ ಸರಿಯಾಗಿ ಹೇಳೋಕೆ ಆಗಲಿಲ್ಲ. "ಸ್ಪೇನ್ ಸರ್ಕಾರದ ಬಜೆಟ್ ಪಾಸಾಗುತ್ತೋ ಇಲ್ವೋ ಅಂತ ಮುಂಚೆನೇ ಹೇಳ್ಬೇಕಮ್ಮ" ಅಂದರೆ, "ಅದಕ್ಕೂ ಸಂಬಳ ಕೊಡ್ತಾರೇನೇ?" ಅಂತಿದ್ದರು. ಕೊಡುತ್ತಿದ್ದರು. ಔಟರ್ ರಿಂಗ್ ರೋಡಿನ ಒಂದು ಆಫೀಸು, ಯುರೋಪಿನ ಕ್ಲೈಂಟುಗಳಿಗೆ ಬೇರೆ ಬೇರೆ ದೇಶದ ರಾಜಕೀಯ ನೋಡಿ ವರದಿ ಬರೆದುಕೊಡುವ ಜಾಗ. ಕಾಲೇಜಲ್ಲಿ ಹಟ ಹಿಡಿದು ಸ್ಪ್ಯಾನಿಷ್ ಕಲಿತಿದ್ದೆ, ಹಾಗಾಗಿ ಸ್ಪೇನ್ ನನ್ನ ತಲೆಗೆ ಬಿತ್ತು. ಕ್ಲೈಂಟುಗಳಲ್ಲಿ ಒಬ್ಬರು ರೈಲ್ವೆ ಸಾಮಾನು ಮಾಡುವವರು. ಬಜೆಟ್ ಪಾಸಾದರೆ ಹೊಸ ಹಳಿಗೆ ದುಡ್ಡು ಬರುತ್ತೆ. ಆಗದಿದ್ದರೆ ಸ್ಪೇನಿನ ಸಂವಿಧಾನದ 134ನೇ ವಿಧಿ ಪ್ರಕಾರ ಹಳೇ ಬಜೆಟ್ಟೇ ಜನವರಿ 1ರಿಂದ ತಾನಾಗಿ ಮುಂದುವರಿಯುತ್ತೆ. ಸಂಬಳ, ಪಿಂಚಣಿ ಎಲ್ಲ ನಡೆಯುತ್ತೆ, ಆದರೆ ಹೊಸ ಯೋಜನೆ ಕಷ್ಟ. ಅವರಿಗೆ ಬೇಕಿದ್ದದ್ದು ಇಷ್ಟೇ: ಆಗುತ್ತಾ, ಇಲ್ವಾ?

ಮೊದಲು ಒಂದು ಮಾತು. ಅಲ್ಲಿ 'ರಾಷ್ಟ್ರೀಯವಾದಿ ಪಕ್ಷ' ಅಂದರೆ ನಾವು ಇಲ್ಲಿ ಅಂದುಕೊಳ್ಳುವ ಅರ್ಥವಲ್ಲ, ಹೆಚ್ಚುಕಮ್ಮಿ ಅದರ ಉಲ್ಟಾ. ಅವರ ರಾಷ್ಟ್ರ ಸ್ಪೇನ್ ಅಲ್ಲ, ಬಾಸ್ಕ್ ನಾಡು ಅಥವಾ ಕ್ಯಾಟಲೋನಿಯಾ. ನನ್ನ ಮೊದಲ ವರದಿಯ ಕರಡು ನೋಡಿದ ನಮ್ಮ ಮೇಡಂ, "ರಾಷ್ಟ್ರೀಯವಾದಿಗಳು ದೇಶದ ಬಜೆಟ್ಟಿಗೆ ವೋಟ್ ಹಾಕೋದ್ರಲ್ಲಿ ಏನಮ್ಮಾ ಸುದ್ದಿ?" ಅಂತ ಕೇಳಿದ್ದರು. ಅವತ್ತಿಂದ ಪ್ರತಿ ವರದಿಯ ಮೊದಲ ಪುಟದಲ್ಲಿ ಈ ವಿವರಣೆ ಹಾಕುವುದೇ ರೂಢಿಯಾಯಿತು.

ಲೆಕ್ಕ ಹೀಗೆ. ಮ್ಯಾಡ್ರಿಡ್ ಸಂಸತ್ತಿನ ಕೆಳಮನೆಯಲ್ಲಿ 350 ಸೀಟು, ಅರ್ಧ ದಾಟಬೇಕು ಅಂದರೆ 176. ನಾನು ಕೆಲಸಕ್ಕೆ ಸೇರಿದಾಗ ಮರಿಯಾನೊ ರಾಹೊಯ್ ಪ್ರಧಾನಿ, ಅವರ ಪಕ್ಷ ಪಿಪಿ. ಜೊತೆಗೆ ನಿಂತು ಗೆದ್ದ ಸಣ್ಣ ಪಕ್ಷಗಳನ್ನೂ ಸೇರಿಸಿದರೆ 137. ಸಿಯುದಾದಾನೋಸ್ ಪಕ್ಷದ 32 ಸೇರಿ 169. ಬಾಸ್ಕ್ ರಾಷ್ಟ್ರೀಯವಾದಿ ಪಕ್ಷ ಪಿಎನ್‌ವಿಯ 5 ಸೇರಿದರೆ 174. ಕ್ಯಾನರಿ ದ್ವೀಪದ ಎರಡು ಪಕ್ಷಗಳಿಂದ ಒಬ್ಬೊಬ್ಬರು ಬಂದರೆ, 176. ಒಂದು ಜಾಸ್ತಿ ಇಲ್ಲ, ಒಂದು ಕಮ್ಮಿ ಇಲ್ಲ. 2017ರ ಬಜೆಟ್ ಪಾಸಾದದ್ದು ಸರಿಯಾಗಿ ಈ ಲೆಕ್ಕದಲ್ಲೇ.

ಆ ವರ್ಷ ನಾನು ಹೊಸಬಳು. ಎಲ್ಲ ಪತ್ರಿಕೆಗಳು ಬರೆದದ್ದನ್ನೇ ನಾನೂ ಬರೆದೆ. ಪಿಎನ್‌ವಿಗೆ ಏನು ಸಿಕ್ಕಿತು ಅಂದರೆ 'ಕುಪೋ' ತಕರಾರು ಬಗೆಹರಿಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಕನ್ನಡದವರಿಗೆ ಹೇಳಿದಾಗೆಲ್ಲ ಅವರ ಕಣ್ಣು ದೊಡ್ಡದಾಗುತ್ತೆ. ಬಾಸ್ಕ್ ನಾಡಲ್ಲಿ ಬಹುತೇಕ ತೆರಿಗೆಯನ್ನು ಅವರೇ ವಸೂಲಿ ಮಾಡಿಕೊಳ್ಳುತ್ತಾರೆ. ಸೈನ್ಯ, ವಿದೇಶಾಂಗ ಇಂಥ ಕೇಂದ್ರದ ಕೆಲಸಗಳಿಗೆ ತಮ್ಮ ಪಾಲು ಅಂತ ಒಂದು ಮೊತ್ತವನ್ನು ಮ್ಯಾಡ್ರಿಡ್ಡಿಗೆ ಕೊಡುತ್ತಾರೆ. ಅದೇ ಕುಪೋ. ಇಲ್ಲಿ 15ನೇ ಹಣಕಾಸು ಆಯೋಗ ಕರ್ನಾಟಕದ ಪಾಲನ್ನು ಶೇ 4.713ರಿಂದ ಶೇ 3.647ಕ್ಕೆ ಇಳಿಸಿದಾಗ ನಮ್ಮ ಆಫೀಸಿನ ಹುಡುಗರು ಊಟದ ಹೊತ್ತಲ್ಲಿ "ಅಕ್ಕ, ನಮಗೂ ಆ ಕುಪೋ ಕೊಡಿಸಿ" ಅಂತ ರೇಗಿಸುತ್ತಿದ್ದರು. ಇರಲಿ. ಕುಪೋ ಎಷ್ಟಿರಬೇಕು ಅಂತ ಹಳೇ ಜಗಳ ಇತ್ತು. 2017ರ ಮೇನಲ್ಲಿ ಅದು ಮುಗಿದು ಬಾಸ್ಕ್ ಕಡೆಗೆ 1,400 ಮಿಲಿಯನ್ ಯೂರೊ ವಾಪಸ್ ಬರುವಂತಾಯಿತು. ಜೊತೆಗೆ ವೇಗದ ರೈಲು ಮಾರ್ಗದ ಮಾತು. ಐದು ಸೀಟಿಗೆ ಇಷ್ಟು ದುಡ್ಡಾ ಅಂತ ನಾನೂ ಬಾಯಿ ಬಿಟ್ಟುಕೊಂಡು ನೋಡಿದೆ.

ಆಮೇಲೆ ಒಂದು ದಿನ ಸುಮ್ನೆ ಕೂತಿದ್ದಾಗ, ಬಾಸ್ಕ್ ವಿಧಾನಸಭೆಯ ಅಂಕಿ ಕಣ್ಣಿಗೆ ಬಿತ್ತು. ಅಲ್ಲಿ 75 ಸೀಟು, ಬಹುಮತಕ್ಕೆ 38. ಪಿಎನ್‌ವಿ 28, ಅದರ ಜೊತೆಗಾರ ಸಮಾಜವಾದಿಗಳು 9, ಒಟ್ಟು 37. ಅಂದರೆ ಊರಲ್ಲಿ ಪಿಎನ್‌ವಿ ಸರ್ಕಾರವೂ ಅಲ್ಪಮತದ್ದೇ, ಒಂದೇ ಒಂದು ಸೀಟು ಸಾಲದು! ಹಾಗಾದರೆ ಆ ವಿಧಾನಸಭೆ ಇರುವ ವಿತೋರಿಯಾದಲ್ಲಿ ಅವರ ಬಜೆಟ್ ಪಾಸ್ ಮಾಡಿಸಿದ್ದು ಯಾರು? ಹುಡುಕಿದರೆ, ರಾಹೊಯ್ ಅವರ ಪಿಪಿಯೇ. ಅಲ್ಲಿ 9 ಜನ ಇದ್ದರು, ಅಡ್ಡ ಬರಲಿಲ್ಲ, ದಾರಿ ಬಿಟ್ಟರು.

ಈ ಕೆಲಸದಲ್ಲಿ ನಾನು ಕಲಿತದ್ದು ಅಂತ ಇದ್ದರೆ ಇದೊಂದೇ. ಮ್ಯಾಡ್ರಿಡ್ಡಿನ ವೋಟು ಒಂದು ವ್ಯಾಪಾರದ ಅರ್ಧ ಭಾಗ ಅಷ್ಟೇ. ಇನ್ನರ್ಧ ವಿತೋರಿಯಾದಲ್ಲೋ ಬಾರ್ಸಿಲೋನಾದಲ್ಲೋ ನಡೆದಿರುತ್ತೆ, ಮ್ಯಾಡ್ರಿಡ್ ಪತ್ರಿಕೆಗಳಲ್ಲಿ ಅದು ಹದಿನೆಂಟನೇ ಪುಟದ ಮೂಲೆಯಲ್ಲಿ ಇರುತ್ತೆ. ಅವತ್ತೇ ನನ್ನ ಎಕ್ಸೆಲ್ ಶೀಟಿಗೆ 'ಮನೆ' ಅಂತ ಕನ್ನಡದಲ್ಲೇ ಒಂದು ಕಾಲಂ ಸೇರಿಸಿದೆ. ಮನೆಯಲ್ಲಿ ಇವರು ಅಧಿಕಾರದಲ್ಲಿದ್ದಾರಾ, ಅಲ್ಲಿನ ಬಜೆಟ್ಟಿಗೆ ಯಾರ ಕೈ ಬೇಕು, ಅದೇ ಜನರ ವೋಟಿಗೆ ಪೈಪೋಟಿ ಕೊಡುವ ಪಕ್ಷ ಯಾವುದು, ಮುಂದಿನ ಚುನಾವಣೆ ಯಾವಾಗ. ಇಷ್ಟೇ. ಮೇಡಂಗೆ ಆ ಕಾಲಂ ಹೆಸರು ಇಷ್ಟವಾಗಲಿಲ್ಲ, ಆದರೂ ಬಿಟ್ಟರು.

2018ರಲ್ಲಿ ಈ ಕಾಲಂ ಕೆಲಸಕ್ಕೆ ಬಂತು. ಆ ವರ್ಷದ ಬಜೆಟ್ ಸಂಸತ್ತಿಗೆ ಬಂದದ್ದೇ ಏಪ್ರಿಲ್‌ನಲ್ಲಿ, ಜನವರಿಯಲ್ಲಿ ಜಾರಿಗೆ ಬರಬೇಕಿದ್ದದ್ದು. ಕಾರಣ ಕ್ಯಾಟಲೋನಿಯಾ. 2017ರ ಅಕ್ಟೋಬರ್‌ನಲ್ಲಿ ಸ್ಪೇನಿಂದ ಬೇರೆಯಾಗಬೇಕಾ ಅಂತ ನಡೆಸಿದ ಜನಮತಗಣನೆಯ ಗಲಾಟೆ ಆದಮೇಲೆ ಮ್ಯಾಡ್ರಿಡ್ 155ನೇ ವಿಧಿ ಬಳಸಿ ಅಲ್ಲಿನ ಸರ್ಕಾರವನ್ನು ವಜಾ ಮಾಡಿತ್ತು, ನಮ್ಮ 356 ಇದ್ದ ಹಾಗೆ ಅಂದುಕೊಳ್ಳಿ. ಅದನ್ನು ತೆಗೆಯುವವರೆಗೆ ಬಜೆಟ್ಟಿಗೆ ಕೈ ಎತ್ತಲ್ಲ ಅಂತ ಪಿಎನ್‌ವಿ ಹೇಳಿತ್ತು. ಇಡೀ ಮ್ಯಾಡ್ರಿಡ್ ಈ ಮಾತನ್ನೇ ಹಿಡಿದುಕೊಂಡು ಕೂತಿತ್ತು. ನಾನು ಮನೆ ಕಾಲಂ ನೋಡಿದೆ. ಬಾಸ್ಕ್ ನಾಡಲ್ಲಿ ಅಷ್ಟೊತ್ತಿಗೆ ಪಿಂಚಣಿದಾರರು ವಾರಾವಾರ ಬೀದಿಗೆ ಇಳಿಯುತ್ತಿದ್ದರು, ಬಿಲ್ಬಾವ್‌ನಲ್ಲಂತೂ ಜನವೋ ಜನ. ಪಿಂಚಣಿ ಏರಿಕೆ ಬರೀ ಶೇ 0.25 ಇತ್ತು. ಪಿಎನ್‌ವಿಯ ವೋಟೂ ಅದೇ ವಯಸ್ಸಿನವರದ್ದು. ಏಪ್ರಿಲ್ ಕೊನೆಯಲ್ಲಿ ಪಿಎನ್‌ವಿ ಶೇ 1.6 ಏರಿಕೆ ಒಪ್ಪಿಸಿಕೊಂಡಿತು, ಬರೀ ಬಾಸ್ಕ್‌ನವರಿಗಲ್ಲ, ಇಡೀ ಸ್ಪೇನಿಗೆ. 155 ಇನ್ನೂ ಜಾರಿಯಲ್ಲೇ ಇತ್ತು, ಆದರೂ ಇವರು ಹೌದು ಅಂತಾರೆ ಅಂತ ಬರೆದು ಕಳಿಸಿದೆ. ಕಳಿಸಿ ಎರಡು ರಾತ್ರಿ ನಿದ್ದೆ ಬರಲಿಲ್ಲ.

ವೋಟು ಬಿದ್ದ ದಿನ ಮೇ 23. ಆ ತಾರೀಕು ನಿಮಗೂ ನೆನಪಿರಬಹುದು, ಅವತ್ತೇ ವಿಧಾನಸೌಧದ ಮುಂದೆ ಕುಮಾರಸ್ವಾಮಿ ಪ್ರಮಾಣವಚನ ತೆಗೆದುಕೊಂಡದ್ದು. 104 ಸೀಟಿನ ಪಕ್ಷ ಹೊರಗೆ, 37 ಸೀಟಿನವರು ಮುಖ್ಯಮಂತ್ರಿ. ಊರೆಲ್ಲ ಟ್ರಾಫಿಕ್ ಜಾಮ್. ನಾನು ಆಫೀಸ್ ಕ್ಯಾಬಲ್ಲಿ ಕೂತು ಒಂದು ಕಿವಿಯಲ್ಲಿ ಮ್ಯಾಡ್ರಿಡ್ ರೇಡಿಯೊ, ಇನ್ನೊಂದು ಕಿವಿಯಲ್ಲಿ ಡ್ರೈವರ್ ಅಣ್ಣನ ಎಫ್‌ಎಂ ಕೇಳುತ್ತಿದ್ದೆ. ಪಿಎನ್‌ವಿ ಬೆಂಬಲ ಕೊಡ್ತೀವಿ ಅಂತ ಹೇಳಿದ್ದು ಅವತ್ತೇ, ಕೊನೇ ಗಳಿಗೆಯಲ್ಲಿ. ಅಮ್ಮನಿಗೆ ಫೋನ್ ಮಾಡಿ, ಐದೇ ಸೀಟಿನವರು ಬಜೆಟ್ ಉಳಿಸಿದರಮ್ಮ ಅಂದೆ. "ಇಲ್ಲಿ ಮೂವತ್ತೇಳಾದ್ರೂ ಇದ್ವಲ್ಲೇ" ಅಂದರು. ಬಜೆಟ್ ಕೆಳಮನೆ ದಾಟಿತು. ಮೇಡಂ ಕಾಫಿ ಕೊಡಿಸಿದರು.

ಖುಷಿ ಒಂಬತ್ತು ದಿನ. ಮಾರನೇ ದಿನವೇ, ಮೇ 24ಕ್ಕೆ, ಗ್ಯುರ್ತೆಲ್ ಲಂಚದ ಕೇಸಿನ ತೀರ್ಪು ಬಂತು, ಪಿಪಿ ಪಕ್ಷದ ಹೆಸರೇ ಅದರಲ್ಲಿ. ವಿರೋಧ ಪಕ್ಷವಾದ ಸಮಾಜವಾದಿಗಳ ನಾಯಕ ಪೆಡ್ರೊ ಸಾಂಚೆಜ್ ಅವಿಶ್ವಾಸ ಮಂಡಿಸಿದರು. ಜೂನ್ 1ಕ್ಕೆ ವೋಟು: ಪರ 180, ವಿರುದ್ಧ 169. ರಾಹೊಯ್ ಇಳಿದರು, ಸಾಂಚೆಜ್ ಪ್ರಧಾನಿಯಾದರು. ಆ 180ರಲ್ಲಿ ಪಿಎನ್‌ವಿಯ ಅದೇ ಐವರು! ಕ್ಲೈಂಟು ಗಾಬರಿಯಾಗಿ ಕೇಳಿದ್ದು ಸರ್ಕಾರದ ಬಗ್ಗೆ ಅಲ್ಲ, "ರೈಲು ದುಡ್ಡು ಏನಾಯ್ತು?" ಅಂತ. ಏನೂ ಆಗಲಿಲ್ಲ. ಐವರ ವೋಟು ಬೇಕಿದ್ದ ಸಾಂಚೆಜ್, ತಾವೇ ವಿರೋಧ ಮಾಡಿದ್ದ ಬಜೆಟ್ಟನ್ನು ಉಳಿಸಿಕೊಳ್ತೀನಿ ಅಂತ ಸಂಸತ್ತಲ್ಲೇ ಮಾತು ಕೊಟ್ಟಿದ್ದರು. ಅಂದರೆ ಪಿಎನ್‌ವಿ ಒಬ್ಬರ ಹತ್ತಿರ ದುಡ್ಡು ಇಸ್ಕೊಂಡು, ಅವರನ್ನು ಮನೆಗೆ ಕಳಿಸಿ, ಬಂದ ಹೊಸಬರ ಹತ್ತಿರ ಅದಕ್ಕೆ ರಸೀದಿ ಬರೆಸಿಕೊಂಡಿತು. ಇಂಥ ಚಾಲಾಕಿತನ ನಾನು ಇಲ್ಲೂ ಕಡಿಮೆ ನೋಡಿದ್ದೀನಿ. ಬೆಲೆ ತೆರಬೇಕಾಗಿ ಬಂದದ್ದು ಮನೆಯಲ್ಲಿ. ಪಿಪಿ ವಿತೋರಿಯಾದಲ್ಲಿ ಕೈ ಬಿಟ್ಟಿತು, 2019ರ ಬಾಸ್ಕ್ ಬಜೆಟ್ಟನ್ನು ಅವರ ಸರ್ಕಾರ ಡಿಸೆಂಬರ್‌ನಲ್ಲಿ ವಾಪಸ್ ತೆಗೆದುಕೊಂಡಿತು.

ಇಷ್ಟೆಲ್ಲ ಗೊತ್ತಿದ್ದೂ ನಾನು 2019ರಲ್ಲಿ ಎಡವಿದೆ. ಸಾಂಚೆಜ್ ಪಕ್ಷಕ್ಕೆ ಬರೀ 84 ಸೀಟು. ಎಡಪಕ್ಷ, ಬಾಸ್ಕ್‌ನವರು ಎಲ್ಲ ಸೇರಿದರೂ ಕ್ಯಾಟಲನ್ ಪಕ್ಷಗಳಾದ ಇಆರ್‌ಸಿಯ 9, ಪಿಡಿಕ್ಯಾಟ್‌ನ 8 ಬೇಕೇ ಬೇಕು. ಬಜೆಟ್ ಪುಸ್ತಕ ತೆರೆದರೆ ಕ್ಯಾಟಲೋನಿಯಾಕ್ಕೆ ಪ್ರಾದೇಶಿಕ ಹೂಡಿಕೆಯ ಸುಮಾರು ಶೇ 18. ವರ್ಷಗಳಿಂದ ಅವರು ಕೇಳುತ್ತಿದ್ದ ಮಟ್ಟ. ಹಳೇ ಉದಾಹರಣೆಯೂ ತಲೆಯಲ್ಲಿತ್ತು: 1996ರಲ್ಲಿ ಪಿಪಿಯ ಅಸ್ನಾರ್ 156 ಸೀಟು ಇಟ್ಟುಕೊಂಡು ಬಾರ್ಸಿಲೋನಾದ ಮಜೆಸ್ಟಿಕ್ ಹೋಟೆಲಲ್ಲಿ ಕ್ಯಾಟಲನ್ನರ ಜೊತೆ ಒಪ್ಪಂದ ಮಾಡಿಕೊಂಡದ್ದು, ಆದಾಯ ತೆರಿಗೆಯಲ್ಲಿ ಶೇ 30 ಬಿಟ್ಟುಕೊಟ್ಟದ್ದು. ದುಡ್ಡು ಕೊಟ್ಟರೆ ಇವರು ಬರುತ್ತಾರೆ ಅಂತ ಅಂದುಕೊಂಡೆ. ಪಾಸಾಗುವ ಸಾಧ್ಯತೆ ಶೇ 65 ಅಂತ ಬರೆದೆ.

ಮನೆ ಕಾಲಂ ತುಂಬಿರಲಿಲ್ಲ ಅಂತಲ್ಲ, ತುಂಬಿದ್ದೆ, ಓದಲಿಲ್ಲ. ಅದರಲ್ಲಿ ಏನಿತ್ತು ಅಂದರೆ, ಆ ಜನಮತಗಣನೆಯ ಕೇಸಲ್ಲಿ ಇಆರ್‌ಸಿ ನಾಯಕರು ಜೈಲಲ್ಲಿ, ಅವರ ವಿಚಾರಣೆ ಸುಪ್ರೀಂ ಕೋರ್ಟಲ್ಲಿ ಶುರುವಾಗುವುದು ಫೆಬ್ರವರಿ 12ಕ್ಕೆ, ಬಜೆಟ್ ವೋಟು 13ಕ್ಕೆ. ಎರಡು ಪಕ್ಷವೂ ಒಂದೇ ಜನರ ವೋಟಿಗೆ ಕಿತ್ತಾಡುತ್ತಿದ್ದವು. ಯಾರು ಮೊದಲು ಹೌದು ಅಂತಾರೋ ಅವರಿಗೆ 'ಬೋಟಿಫ್ಲೆರ್' ಅನ್ನುವ ಬಿರುದು ಗ್ಯಾರಂಟಿ, ಕ್ಯಾಟಲನ್ನಲ್ಲಿ ದ್ರೋಹಿಗೆ ಹೇಳುವ ಮಾತು. ನಾಯಕ ಕಟಕಟೆಯಲ್ಲಿ ಕೂತ ಮಾರನೇ ದಿನ ಸರ್ಕಾರದ ಬಜೆಟ್ಟಿಗೆ ಕೈ ಎತ್ತಿ ಊರಿಗೆ ಹೇಗೆ ಹೋಗ್ತಾರೆ? ಎಷ್ಟು ಕೋಟಿ ಕೊಟ್ಟರೂ ಆಗಲ್ಲ. ಇದನ್ನು ನಮ್ಮ ಹಳ್ಳಿಯ ಗ್ರಾಮ ಪಂಚಾಯಿತಿ ಸದಸ್ಯರನ್ನು ಕೇಳಿದ್ದರೂ ಹೇಳುತ್ತಿದ್ದರು. ಬಜೆಟ್ಟನ್ನು ವಾಪಸ್ ಕಳಿಸಬೇಕು ಅನ್ನೋ ಕಡೆ 191, ಬೇಡ ಅನ್ನೋ ಕಡೆ 158. ಬಲಪಂಥದ ಪಿಪಿ ಜೊತೆ ಕ್ಯಾಟಲನ್ ಪ್ರತ್ಯೇಕತಾವಾದಿಗಳು ಒಂದೇ ಬಟನ್ ಒತ್ತಿದರು. ಎರಡು ದಿನಕ್ಕೆ ಸಾಂಚೆಜ್ ಚುನಾವಣೆ ಘೋಷಿಸಿದರು. ಕ್ಲೈಂಟಿನ ಕರೆಗೆ ಮೇಡಂ ನನ್ನನ್ನೇ ಕೂರಿಸಿದರು. ತಪ್ಪಾಯ್ತು ಅಂದೆ, ಯಾಕಾಯ್ತು ಅಂತ ಹೇಳಿದೆ. ಇಪ್ಪತ್ತು ನಿಮಿಷ, ಎಸಿ ಇದ್ದರೂ ಬೆನ್ನು ಒದ್ದೆ.

ಆಮೇಲಿನ ವರ್ಷಗಳು ಸಲೀಸು. 2021, 2022, 2023ರ ಬಜೆಟ್ ಮೂರೂ ಸಾಂಚೆಜ್ ಪಾಸ್ ಮಾಡಿಸಿಕೊಂಡರು, ಇಆರ್‌ಸಿ, ಪಿಎನ್‌ವಿ, ಬಾಸ್ಕ್‌ನ ಇನ್ನೊಂದು ಪಕ್ಷ ಎಹೆಚ್ ಬಿಲ್ಡು ಜೊತೆ. ಇದರಲ್ಲಿ ನನಗೆ ತುಂಬ ಇಷ್ಟವಾದ ವ್ಯಾಪಾರ 2021ರ ಕೊನೆಯದ್ದು. ಇಆರ್‌ಸಿ ಕೇಳಿದ್ದು ರಸ್ತೆಯಲ್ಲ, ಭಾಷೆ: ನೆಟ್‌ಫ್ಲಿಕ್ಸ್ ಥರದ ವೇದಿಕೆಗಳಲ್ಲಿ ಕ್ಯಾಟಲನ್, ಬಾಸ್ಕ್, ಗ್ಯಾಲಿಸಿಯನ್‌ಗೆ ಶೇ 6 ಪಾಲು ಇರಬೇಕು ಅಂತ. ಬಜೆಟ್ಟಿನ ಮಾತುಕತೆಯಲ್ಲಿ ಮಕ್ಕಳ ಕಾರ್ಟೂನ್ ಯಾವ ಭಾಷೆಯಲ್ಲಿ ಇರಬೇಕು ಅನ್ನುವುದು ಬಂದು ಕೂತಿತು. ವಿದೇಶದಲ್ಲಿ ನೋಂದಾಯಿಸಿದ ವೇದಿಕೆಗಳಿಗೆ ಅದು ಸರಿಯಾಗಿ ಅನ್ವಯಿಸಲ್ಲ ಅಂತ ಆಮೇಲೆ ಜಗಳವೂ ಆಯಿತು. ಆದರೆ ಅಷ್ಟೊತ್ತಿಗೆ ವೋಟು ಬಿದ್ದಿತ್ತು.

2023ರ ಶುರುವಿನಲ್ಲಿ ಬಾರ್ಸಿಲೋನಾದಲ್ಲಿ ಇಆರ್‌ಸಿಯ ಅಲ್ಪಮತದ ಸರ್ಕಾರಕ್ಕೆ ಸಾಂಚೆಜ್ ಪಕ್ಷದ ಕ್ಯಾಟಲನ್ ಶಾಖೆಯೇ ಬಜೆಟ್ ಪಾಸ್ ಮಾಡಿಕೊಟ್ಟಿತು. ಮತ್ತೆ ಅದೇ, ಎರಡು ಮನೆ, ಒಂದು ವ್ಯಾಪಾರ.

ಇದು ಉಲ್ಟಾ ಹೊಡೆದದ್ದನ್ನೂ ನೋಡಿದೆ. 2024ರ ಮಾರ್ಚ್ 13. ಕ್ಯಾಟಲನ್ ಬಜೆಟ್ ಬಿದ್ದುಹೋಯಿತು, ಒಂದು ದೊಡ್ಡ ಕ್ಯಾಸಿನೊ ಯೋಜನೆಗೆ ಎಡಪಕ್ಷದವರು ಒಪ್ಪಲಿಲ್ಲ ಅಂತ. ಅಲ್ಲಿನ ಅಧ್ಯಕ್ಷ ಪೆರೆ ಅರಗೊನೆಸ್ ಅವತ್ತೇ ಚುನಾವಣೆ ಘೋಷಿಸಿದರು. ನಾನು ಮನೆಯಲ್ಲಿ ಬೇಳೆ ಕುಕ್ಕರಿಗೆ ಇಟ್ಟಿದ್ದೆ. ಗ್ಯಾಸ್ ಆರಿಸಿ ಲ್ಯಾಪ್‌ಟಾಪ್ ತೆಗೆದು ಮೂರು ಸಾಲು ಬರೆದೆ: ಚುನಾವಣೆ ಎದುರಿಗಿರುವಾಗ ಇಆರ್‌ಸಿಯೂ ಅದರ ಪ್ರತಿಸ್ಪರ್ಧಿ ಕ್ಯಾಟಲನ್ ಪಕ್ಷ ಜುಂಟ್ಸೂ ಮ್ಯಾಡ್ರಿಡ್ಡಿಗೆ ಹೌದು ಅನ್ನಲ್ಲ, 2024ರ ಬಜೆಟ್ ಸತ್ತುಹೋಯಿತು ಅಂತ ತಿಳ್ಕೊಳ್ಳಿ. "ಕ್ಯಾಸಿನೊಗೂ ಸ್ಪೇನಿನ ರೈಲಿಗೂ ಏನು ಸಂಬಂಧ?" ಅಂತ ಕ್ಲೈಂಟಿಂದ ಉತ್ತರ ಬಂತು. ನಾನು ಜವಾಬು ಬರೆದು ಮುಗಿಸುವ ಹೊತ್ತಿಗೆ ಸರ್ಕಾರವೇ ಆ ವರ್ಷದ ಬಜೆಟ್ ಕೈಬಿಟ್ಟಿದೆ ಅನ್ನೋ ಸುದ್ದಿ ಬಂದಿತ್ತು. ಬೇಳೆ ಅರೆಬೆಂದು ಹಾಗೇ ಇತ್ತು.

ಆ ವರ್ಷದ ಕೊನೆಗೆ ಕೆಲಸ ಬಿಟ್ಟೆ. ಶೀಟನ್ನು ನನ್ನ ಜಾಗಕ್ಕೆ ಬಂದ ಹುಡುಗನಿಗೆ ಕೊಡುವಾಗ ಒಂದೊಂದೇ ಸಾಲು ಓದಿ ತೋರಿಸಿದೆ. ಜುಂಟ್ಸ್ ಸಾಲಿಗೆ ಬಂದೆವು, 7 ಸೀಟು, ಅದಿಲ್ಲದೆ ಸಾಂಚೆಜ್ ಲೆಕ್ಕ ತುಂಬಲ್ಲ. ಜುಲೈ 23ಕ್ಕೆ, ಬಜೆಟ್ಟಿಗೂ ಮೊದಲಿನ ಮೆಟ್ಟಿಲಾದ ವಿತ್ತೀಯ ಕೊರತೆಯ ಗುರಿಯನ್ನೇ ಇವರು ಬೀಳಿಸಿದ್ದರು. ಅವರ ನಾಯಕ ಪುಜ್‌ದಮೋನ್ ದೇಶದ ಹೊರಗೆ, ಬಾರ್ಸಿಲೋನಾದಲ್ಲಿ ಅಧಿಕಾರ ಬೇರೆಯವರದ್ದು, ಅಲ್ಲಿ ಇವರಿಗೆ ಪಾಸ್ ಮಾಡಿಸಿಕೊಳ್ಳೋಕೆ ಯಾವ ಬಜೆಟ್ಟೂ ಇಲ್ಲ.

"ಅಕ್ಕ, ಇವರ ಮನೆ ಕಾಲಂ ಖಾಲಿ ಇದೆಯಲ್ಲ, ತುಂಬೋದು ಮರೆತ್ರಾ?" ಅಂದ.

ಮರೆತಿಲ್ಲ ಕಣೋ, ಅಲ್ಲಿ ಬರೆಯೋಕೆ ಏನೂ ಇಲ್ಲ ಅಂದೆ.